ಹಲಗೆ ತೆಗೆದ ಸೇತುವೆ

ಸ್ಕೂರಾ ಹೊಳೆಯ ಬೇಸಿಗೆ ಸೇತುವೆ ಬಿಚ್ಚುವುದು ಸೆಪ್ಟೆಂಬರಿನ ಕೊನೆಯ ಶನಿವಾರ. ಅದು ಎಂಬ್ರಿಕ್ ಮುದುಕ ಮಾಡಿದ ಕಟ್ಟಳೆ. ಚಾರಣ ಸಂಘದ ಪರವಾಗಿ ಅಲ್ಲಿನ ಬೆಟ್ಟದ ದಾರಿಯನ್ನು ಅವನು ನೋಡಿಕೊಂಡ ಅಷ್ಟೂ ವರ್ಷ ಅದು ತಪ್ಪಿರಲಿಲ್ಲ. ಈ ವರ್ಷ ಮಾತ್ರ ಅವನ ಮಗಳು ಸಿಗ್ನೆ ಒಂದು ವಾರ ಮುಂಚೆಯೇ ಕೆಲಸ ಮುಗಿಸಿಬಿಡಲು ಹೊರಟಳು. ಅಪ್ಪನಿಗೆ ಹೇಳಲಿಲ್ಲ.

ಹೇಳಿದ್ದರೆ ಅವನೂ ಬೂಟು ಕಟ್ಟಿಕೊಂಡು ನಿಲ್ಲುತ್ತಿದ್ದ. ಹೋದ ಚಳಿಗಾಲದಲ್ಲಿ ಲಕ್ವ ಹೊಡೆದು ಅವನ ಎಡಗೈ ಹಿಡಿತ ಹೋಗಿತ್ತು, ಕಾಫಿ ಬಟ್ಟಲೂ ಅದರಲ್ಲಿ ನಿಲ್ಲುತ್ತಿರಲಿಲ್ಲ. ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ. ಬಲಗೈ ಇದೆಯಲ್ಲ, ಹಲಗೆ ಎತ್ತುವುದೇನು ಮಹಾ ಎಂದು ಅವನು ವಾದಕ್ಕೆ ಕೂತರೆ ಗೆಲ್ಲುವವರು ಆ ಕಣಿವೆಯಲ್ಲೇ ಇರಲಿಲ್ಲ. ಅದಕ್ಕೇ ಸಿಗ್ನೆ, ಶನಿವಾರ ಪೇಟೆಗೆ ಹೋಗಿ ಕಾರಿಗೆ ಚಳಿಗಾಲದ ಟೈರು ಹಾಕಿಸಿಕೊಂಡು ಬರುತ್ತೇವೆ ಎಂದು ಸುಳ್ಳು ಹೇಳಿದಳು. ಅವನೂ ತಲೆಯಾಡಿಸಿ, ತಾನು ಶುಕ್ರವಾರವೇ ತಂಗಿಯ ಮನೆಗೆ ಹೋಗಿ ಎರಡು ರಾತ್ರಿ ಇದ್ದು ಬರುತ್ತೇನೆ ಎಂದ. ಎಂಬ್ರಿಕ್ ಅಷ್ಟು ಸಲೀಸಾಗಿ ತಲೆಯಾಡಿಸುವ ಪೈಕಿಯಲ್ಲ. ಆಗಲೇ ಅವಳಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ಶನಿವಾರ ಅವಳೂ ಗಂಡ ವೇಗಾರನೂ ಕಾಡಿನ ದಾರಿ ಹತ್ತುವಾಗ ಗಾಳಿ ಪೂರ್ತಿ ನಿಂತಿತ್ತು. ಸ್ಪ್ರೂಸ್ ಮರಗಳ ಒಂದು ಕೊಂಬೆಯೂ ಅಲ್ಲಾಡುತ್ತಿರಲಿಲ್ಲ. ಎದುರಿನಿಂದ ಇಳಿದು ಬರುತ್ತಿದ್ದ ಇಬ್ಬರು ಹೆಂಗಸರು ದೂರದಿಂದಲೇ ಕೈ ಎತ್ತಿದರು, ಇವರೂ ಎತ್ತಿದರು. ಪೇಟೆಯ ಬಸ್ಸಿನಲ್ಲಿ ಪಕ್ಕಕ್ಕೆ ಯಾರೂ ಬಂದು ಕೂರದಿರಲಿ ಎಂದು ಸೀಟಿನ ಮೇಲೆ ಚೀಲ ಇಟ್ಟುಕೊಳ್ಳುವ ಜನವೇ ಇದು. ಬೆಟ್ಟದ ದಾರಿಗೆ ಬಿದ್ದರೆ ಸಾಕು, ಗುರುತು ಪರಿಚಯ ಇಲ್ಲದವರಿಗೂ ಕೈ ಎತ್ತದೆ ಮುಂದೆ ಹೋಗುವುದಿಲ್ಲ. ಎಂಬ್ರಿಕ್‌ಗಂತೂ ಅದು ಜಪತಪದ ಹಾಗೆ. ಸಿಗ್ನೆ ಚಿಕ್ಕವಳಿದ್ದಾಗ ಚಳಿಗೆ ಕೈ ಜೇಬಿನಲ್ಲೇ ಇಟ್ಟುಕೊಂಡು ಒಬ್ಬರನ್ನು ದಾಟಿ ಬಂದಿದ್ದಕ್ಕೆ, ಅಪ್ಪ ಅವಳನ್ನು ವಾಪಸ್ಸು ಓಡಿಸಿ ಕೈ ಎತ್ತಿಸಿದ್ದ.

"ನಿಮ್ಮಪ್ಪ ಹಿಮಸಾರಂಗ ಕಂಡ್ರೂ ಕೈ ಎತ್ತೋ ಆಸಾಮಿ" ಎಂದ ವೇಗಾರ್.

"ಎತ್ತಿದಾರೆ. ನಾನೇ ನೋಡಿದೀನಿ."

"ಅದೇನ್ಮಾಡ್ತು?"

"ಓಡ್ಹೋಯ್ತು. ಅದಕ್ಕೂ ಬೈದ್ರು, ಮರ್ಯಾದೆ ಗೊತ್ತಿಲ್ಲ ಅಂತ."

ಮಳೆ ಬರುವಷ್ಟರಲ್ಲಿ ಕೆಲಸ ಆಗಲಿ ಎಂದು ದಾರಿಯಲ್ಲಿ ಸಿಕ್ಕ ಸಂಘದ ಗುಡಿಸಲಿಗೂ ಹೋಗದೆ ನೇರ ಸೇತುವೆಗೆ ನಡೆದರು. ಸೇತುವೆ ಎಂದರೆ ಕಾಲಿಗೆ ಎರಡು ಉಕ್ಕಿನ ತಂತಿ, ಕೈಗೆ ಎರಡು, ಕಾಲಿನ ತಂತಿಗಳ ಮೇಲೆ ಅಡ್ಡಡ್ಡ ಹಲಗೆ. ತಂತಿ ವರ್ಷವಿಡೀ ಇರುತ್ತದೆ. ಚಳಿಗಾಲಕ್ಕೆ ಹಲಗೆ ತೆಗೆಯದೆ ಬಿಟ್ಟರೆ ಹಿಮದ ಭಾರಕ್ಕೆ ಎಲ್ಲವೂ ಕಿತ್ತುಕೊಂಡು ಹೋಗುತ್ತದೆ. ಆಚೆ ದಡದಿಂದ ಶುರುಮಾಡಿ, ಒಂದೊಂದೇ ಬಿಚ್ಚುತ್ತಾ ಹಿಂದಕ್ಕೆ ಬರಬೇಕು. ಬಿಚ್ಚುವ ಮೊದಲು ಆಚೆ ದಡದ ತಿರುವಿನವರೆಗೆ ಹೋಗಿ, ಮೇಲೆ ಯಾರಾದರೂ ಉಳಿದಿದ್ದಾರೆಯೇ ಎಂದು ಕೂಗಿ ನೋಡಬೇಕು. ಇದೂ ಎಂಬ್ರಿಕ್‌ನ ಕಟ್ಟಳೆಯೇ.

"ತಿರುವಿನ ತನಕ ಹೋಗಿ ಬರ್ಲಾ?" ಎಂದು ವೇಗಾರ್ ಕೇಳಿದ.

ಸಿಗ್ನೆ ಆಕಾಶ ನೋಡಿದಳು. ಮೇಲಿನ ಶಿಖರಗಳು ಆಗಲೇ ಮೋಡದಲ್ಲಿ ಮುಚ್ಚಿಹೋಗಿದ್ದವು. "ಬೇಡ ಬಿಡು. ಈ ಹವಾಮಾನದಲ್ಲಿ ಯಾವ ಪುಣ್ಯಾತ್ಮ ಮೇಲೆ ಹೋಗಿರ್ತಾನೆ."

ಮೊದಲ ಹಲಗೆಗೆ ಬಗ್ಗಿದಾಗ ಅವಳ ಮೂಗಿಗೆ ಹಸಿ ಬಣ್ಣದ ವಾಸನೆ ಬಡಿಯಿತು. ಬೋಲ್ಟಿನ ಗ್ರೀಸ್ ಇರಬೇಕು ಅಂದುಕೊಂಡಳು. ಮನಸ್ಸಿಗೆ ಏನೋ ಸರಿಬರಲಿಲ್ಲ, ಆದರೆ ಕೈ ಕೆಲಸ ನಿಲ್ಲಿಸಲಿಲ್ಲ. ಹಲಗೆಗಳನ್ನೆಲ್ಲ ಈಚೆ ದಡದಲ್ಲಿ ಪೇರಿಸಿ ಮುಗಿಸುವ ಹೊತ್ತಿಗೆ ಮಳೆ ಹಿಡಿದುಕೊಂಡಿತು.

ಇಳಿಯುವಾಗ ಗುಡಿಸಲಿಗೆ ನುಗ್ಗಿದರು. ಒಳಗೆ ಕಾಲಿಟ್ಟ ಸಿಗ್ನೆ ಕಾಫಿಗೆ ನೀರಿಡಲು ಒಲೆಯ ಬಾಗಿಲು ತೆಗೆದು ಹಾಗೇ ಕುಕ್ಕರಿಸಿದಳು.

ಸಂಘದ ಗುಡಿಸಲುಗಳಿಂದ ಹೊರಡುವವರು ಬೂದಿ ತೆಗೆದು, ಮುಂದೆ ಬರುವವರಿಗಾಗಿ ಒಲೆಗೆ ಸೌದೆ ಜೋಡಿಸಿಟ್ಟೇ ಹೋಗಬೇಕು. ಒಬ್ಬೊಬ್ಬರದು ಒಂದೊಂದು ಜೋಡಣೆ. ಈ ಒಲೆಯಲ್ಲಿ ಕೆಳಗೆ ಬರ್ಚ್ ಮರದ ತೊಗಟೆಯ ಸುರುಳಿ, ಅದರ ಮೇಲೆ ಚಾಕುವಿನಿಂದ ಹೆರೆದು ಹೂವಿನ ಹಾಗೆ ಎಬ್ಬಿಸಿದ ಚಕ್ಕೆಗಳು. ಇದು ಇಡೀ ಕಣಿವೆಯಲ್ಲಿ ಒಬ್ಬನದೇ. ಆದರೆ ಈ ಹೂಗಳು ಸೊಟ್ಟಗಿದ್ದವು, ಕೆಲವು ಅರ್ಧಕ್ಕೇ ಮುರಿದಿದ್ದವು. ಚಕ್ಕೆಯನ್ನು ಮಂಡಿಯ ನಡುವೆ ಇರುಕಿಕೊಂಡು ಒಂದೇ ಕೈಯಲ್ಲಿ ಹೆರೆದಂತಿತ್ತು.

"ವೇಗಾರ್, ಬೆಂಚಿನ ಕೆಳಗೆ ಬಣ್ಣದ ಡಬ್ಬಿ ಇದೆಯಾ ನೋಡು."

ಅವನು ಬಗ್ಗಿ ನೋಡಿದ. "ಕೆಂಪಂದಾ? ಇಲ್ವಲ್ಲ."

"ಅಪ್ಪ ಅತ್ತೆ ಮನೇಗೆ ಹೋಗಿಲ್ಲ. ರಾತ್ರಿ ಇಲ್ಲೇ ಮಲಗಿದಾರೆ. ಬೆಳಗ್ಗೆ ಎದ್ದು ಮೇಲಿನ ಬಂಡೆಗಳ ದಾರಿಗುರುತಿಗೆಲ್ಲ ಬಣ್ಣ ಬಳಿಯೋಕೆ ಹೋಗಿದಾರೆ. ಸೇತುವೆ ಇನ್ನೂ ಒಂದು ವಾರ ಇರುತ್ತೆ ಅಂದ್ಕೊಂಡು ಹೋಗಿದಾರೆ."

ಹೊಳೆಯ ಆಚೆ ರಾತ್ರಿ ಕಳೆಯಲು ಒಂದು ಸೂರೂ ಇಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಆ ಕಣಿವೆಯಲ್ಲಿ ಫೋನು ಹತ್ತುವುದಿಲ್ಲ, ಹತ್ತಿದರೂ ಮುದುಕ ಫೋನು ಇಟ್ಟುಕೊಳ್ಳುವುದಿಲ್ಲ. ಒದ್ದೆ ಜಾಕೀಟನ್ನೇ ಮತ್ತೆ ಏರಿಸಿಕೊಂಡು ಬಂದ ದಾರಿಯಲ್ಲೇ ಹತ್ತತೊಡಗಿದರು. ಸಿಗ್ನೆಗೆ ತನ್ನ ಮೇಲೆ ಎಂಥ ಸಿಟ್ಟು ಬಂದಿತ್ತೆಂದರೆ ಕಣ್ಣಲ್ಲಿ ನೀರು ಬರಲೂ ಅದು ಬಿಡಲಿಲ್ಲ. ಒಂದು ತಿರುವು. ನಾಲ್ಕು ಹೆಜ್ಜೆ ಹೋಗಿ ಒಮ್ಮೆ ಕೂಗಿದ್ದರೆ ಆಗುತ್ತಿತ್ತು.

ಹೊಳೆ ಕಂದು ಬಣ್ಣಕ್ಕೆ ತಿರುಗಿತ್ತು. ತಳದಲ್ಲಿ ಕಲ್ಲುಗಳು ಉರುಳುವ ಸದ್ದು ಕಾಲಿಗೇ ತಿಳಿಯುತ್ತಿತ್ತು. ಆಚೆ ದಡದಲ್ಲಿ ಯಾರೂ ಇರಲಿಲ್ಲ.

"ಹಲಗೆ ಕೊಡು" ಎಂದಳು. ಬೋಲ್ಟು ಹಾಕಲು ಪುರುಸೊತ್ತಿರಲಿಲ್ಲ. ವೇಗಾರ್ ತಂದುಕೊಟ್ಟಂತೆಲ್ಲ ತಂತಿಯ ಮೇಲೆ ಅಡ್ಡ ಇಟ್ಟು, ಅದರ ಮೇಲೆ ಮಂಡಿಯೂರಿ, ಮುಂದಿನದನ್ನು ಇಡುತ್ತಾ ಹೋದಳು. ಹೊಳೆಯ ಮಧ್ಯ ಇನ್ನೂ ದೂರವಿದ್ದಾಗ ಮಂಡಿಯ ಕೆಳಗೆ ತಂತಿ ಅದುರಿತು. ಅವಳು ಅಲ್ಲಾಡಿರಲಿಲ್ಲ. ಮತ್ತೆ ಅದುರಿತು. ತಲೆ ಎತ್ತಿದಳು.

ಆ ತುದಿಯಲ್ಲಿ ಎಂಬ್ರಿಕ್ ತಂತಿ ಹತ್ತಿದ್ದ. ಮಳೆಗೆ ಟೋಪಿ ಎಳೆದುಕೊಂಡು, ತಲೆ ಬಗ್ಗಿಸಿ, ಕಾಲನ್ನಷ್ಟೇ ನೋಡುತ್ತಾ ಬರುತ್ತಿದ್ದ. ಬಲಗೈಯಲ್ಲಿ ತಂತಿ ಹಿಡಿದಿದ್ದ, ಎಡ ಮೊಣಕೈಯನ್ನು ಇನ್ನೊಂದಕ್ಕೆ ಸಿಕ್ಕಿಸಿಕೊಂಡಿದ್ದ. ಸೊಂಟದಲ್ಲಿ ಬಣ್ಣದ ಡಬ್ಬಿ ತೂಗಾಡುತ್ತಿತ್ತು. ಸೇತುವೆ ಬಿಚ್ಚಿದವರು ಆಗಲೇ ಮನೆ ಸೇರಿದ್ದಾರೆ ಎಂದುಕೊಂಡಿದ್ದನೋ ಏನೋ, ಈಚೆ ದಡದತ್ತ ಅವನು ನೋಡಲೇ ಇಲ್ಲ.

ವೇಗಾರ್ ಹಿಂದಿನಿಂದ ಹಲಗೆ ದಾಟಿಸುತ್ತಾ ಬಾಯಿ ತೆರೆದ. ಸಿಗ್ನೆ ಅವನ ತೋಳು ಹಿಡಿದಳು. "ಕೂಗಬೇಡ. ಬೆಚ್ಚಿಬಿದ್ರೆ ಕಷ್ಟ. ಬರ್ಲಿ, ಹಾಗೇ ಬರ್ಲಿ. ನಾನೇ ಹತ್ರ ಹೋಗಿ ಹಿಡ್ಕೋತೀನಿ."

"ಬಗ್ಗಿಕೊಂಡೇ ಹೋಗು."

ಹಲಗೆ ಇಟ್ಟಳು. ಇನ್ನೊಂದು ಇಟ್ಟಳು. ಅವನ ಒಂದೊಂದು ಹೆಜ್ಜೆಯೂ ತಂತಿಯಲ್ಲಿ ಹರಿದು ಬಂದು ಅವಳ ಮಂಡಿಗೆ ತಾಗುತ್ತಿತ್ತು. ಎಡಗಾಲು, ತುಸು ತಡೆದು ಬಲಗಾಲು. ಕೆಳಗೆ ನೀರು ಎಷ್ಟು ಹತ್ತಿರ ಬಂದಿತ್ತೆಂದರೆ ಹನಿ ಮುಖಕ್ಕೆ ಸಿಡಿಯುತ್ತಿತ್ತು. ಅಪ್ಪ ಚೆನ್ನಾಗಿ ಬರುತ್ತಿದ್ದ. ಮುದುಕನ ಹಠಕ್ಕೆ ಮೊದಲ ಸಲ ಅವಳಿಗೆ ಕೈ ಮುಗಿಯಬೇಕೆನ್ನಿಸಿತು. ಅವನ ಬೂಟಿನ ಲಾಡಿ ಕಾಣುವಷ್ಟು ಹತ್ತಿರವಾಯಿತು. ಇನ್ನು ಕೆಲವೇ ಹಲಗೆ ಹಾಕಿದರೆ ಕೈಗೆ ಸಿಗುತ್ತಾನೆ. ಅವನ್ನು ಇಟ್ಟು, ಅಪ್ಪ ಇನ್ನೆರಡು ಹೆಜ್ಜೆ ಬಂದರೆ ಹಿಡಿಯಲು ಅನುವಾಗಲಿ ಎಂದು ಸಿಗ್ನೆ ಮೇಲಿನ ತಂತಿ ಹಿಡಿದು ಎದ್ದು ನಿಂತಳು.

ಎಂಬ್ರಿಕ್ ಆಗ ತಲೆ ಎತ್ತಿದ. ಎದುರಿಗೆ ದಾರಿಯಲ್ಲಿ ಒಬ್ಬರು ಬರುತ್ತಿರುವುದು ಕಂಡಿತು. ಅದು ಮಗಳೆಂದು ಗೊತ್ತಾಯಿತೋ ಇಲ್ಲವೋ, ಅವನ ಮುಖ ಅರಳಿತು.

ಸಿಗ್ನೆ ಏನನ್ನೂ ಯೋಚಿಸಲಿಲ್ಲ. ಅಪ್ಪ ಬದುಕಿದ್ದಾನೆ, ಎದುರು ಬರುತ್ತಿದ್ದಾನೆ, ಅಷ್ಟೇ. ಅವಳ ಕೈ ತಾನಾಗಿ ಮೇಲೆದ್ದಿತು. ಎದ್ದ ಮೇಲೆ ಅವಳಿಗೆ ಗೊತ್ತಾಯಿತು, ತಾನು ಮಾಡಿದ್ದೇನೆಂದು.

ಎಂಬ್ರಿಕ್ ಜೀವಮಾನದಲ್ಲಿ ಒಮ್ಮೆಯೂ ಎದುರಿನವರ ಕೈಯನ್ನು ಹಾಗೇ ಬಿಟ್ಟವನಲ್ಲ. ಅವನ ಬಲಗೈ ತಂತಿ ಬಿಟ್ಟು ಮೇಲೆದ್ದಿತು. ಬೆರಳುಗಳಲ್ಲಿ ಕೆಂಪು ಬಣ್ಣ ಇನ್ನೂ ಹಸಿಯಾಗಿತ್ತು. ಎಡ ಮೊಣಕೈ ಒದ್ದೆ ತಂತಿಯ ಮೇಲೆ ಒಂದಿಷ್ಟು ಹೊತ್ತು ನಿಂತು, ಆಮೇಲೆ ಜಾರಿತು.

ಅವಳ ಕಾಲ ಕೆಳಗಿನ ತಂತಿ ಒಮ್ಮೆ ಬಲವಾಗಿ ಜಗ್ಗಿ, ಭಾರ ಕಳೆದುಕೊಂಡು ಮೇಲಕ್ಕೆ ಬಂತು. ಎದುರಿಗೆ ಯಾರೂ ಇರಲಿಲ್ಲ. ಸಿಗ್ನೆಯ ಕೈ ಇನ್ನೂ ಮೇಲೆಯೇ ಇತ್ತು.