ಹೊರೆ ಹೊತ್ತವರ ಫೋಟೋ

“ಕಿರೀರೇ ಹಲ್ಲು. ಗುಡ್ಡದ ಮೇಲೆ ಕ್ಯಾಮೆರಾ ಮುಂದೆ ಕಿರಿದ್ರಲ್ಲ, ಅಂಗೇ ಇಲ್ಲೂ ಕಿರೀರಿ, ಬೋಸುಡೀರಾ.”

ಗಾರ್ಡ್ ಹಾಲೇಶ್ ಲಾಠಿಯ ತುದಿಯಿಂದ ದಾಸಮ್ಮನ ಗದ್ದ ಎತ್ತಿ ಹಿಡಿದಿದ್ದ. ಅರಣ್ಯ ಇಲಾಖೆಯ ರೇಂಜ್ ಆಫೀಸಿನ ಅಂಗಳದ ಬಿಸಿಲಿನಲ್ಲಿ ಮೂವರು ಹೆಂಗಸರು ಕುಕ್ಕರಗಾಲಲ್ಲಿ ಕೂತಿದ್ದರು. ದಾಸಮ್ಮ, ಅವಳ ಓರಗಿತ್ತಿ ಗಂಗಲಕ್ಷ್ಮಮ್ಮ, ಹಟ್ಟಿಯ ಮುದುಕಿ ನರಸಕ್ಕ. ಒಬ್ಬೊಬ್ಬರ ಮುಂದೂ ಒಂದೊಂದು ಹೊರೆ ಈಚಲು ಗರಿ. ಜಗುಲಿಯಲ್ಲಿ ನೆರಳಿತ್ತು, ಆದರೆ ಅಲ್ಲಿ ರೇಂಜರ್ ಸಾಹೇಬರ ಬೈಕು ನಿಂತಿತ್ತು.

ಅವ್ವನನ್ನು ಹಿಡಿದಿದ್ದಾರೆಂದು ಸುದ್ದಿ ಕೇಳಿ ದಾಸಮ್ಮನ ಮಗಳು ಮಧುಶ್ರೀ ಕೊರಟಗೆರೆಯಿಂದ ಆಟೋದಲ್ಲಿ ಬಂದಿಳಿದಾಗ ಕಂಡದ್ದು ಇದು. ಕೊರಳಲ್ಲಿ ಟ್ರಸ್ಟಿನ ಗುರುತಿನ ಚೀಟಿ ಹಾಕಿಕೊಂಡೇ ಓಡಿ ಬಂದಿದ್ದಳು. ಅವ್ವನ ಗದ್ದದ ಕೆಳಗಿನ ಲಾಠಿ ನೋಡಿ ನೇರ ಹಾಲೇಶನ ಎದುರಿಗೆ ಹೋಗಿ ನಿಂತಳು.

“ಲಾಠಿ ತೆಗೀರಿ. ಅದು ನಮ್ಮವ್ವ.”

“ಗೊತ್ತು ಕಣಮ್ಮ,” ಎಂದ ಹಾಲೇಶ್. “ಹೆಸ್ರು ಹೇಳಿದೋಳು ನೀನೇ ಅಲ್ವಾ? ಒಳಗೋಗು, ನಿಮ್ ಸಾರು ಕಾಫಿ ಕುಡೀತಾವ್ರೆ.”

ಗಂಗಲಕ್ಷ್ಮಮ್ಮ ತಟಕ್ಕನೆ ತಲೆ ಎತ್ತಿ ಮಧುಶ್ರೀಯನ್ನು ನೋಡಿದಳು. ದಾಸಮ್ಮ ನೋಡಲಿಲ್ಲ.

ಮಧುಶ್ರೀ ಎಂ.ಎಸ್ಸಿ. ಮುಗಿಸಿದಾಗ ಹಟ್ಟಿಗೆ ಹಟ್ಟಿಯೇ ಹಿಗ್ಗಿತ್ತು. ಕರಡಿ, ಚಿರತೆ ಉಳಿಸುತ್ತೇವೆನ್ನುವ ಒಂದು ಟ್ರಸ್ಟು ಅವಳನ್ನು ಇಂಟರ್ನ್ ಮಾಡಿಕೊಂಡಿತು. ವನ್ಯಜೀವಿ ಸಂರಕ್ಷಣೆಯ ತಂತ್ರಜ್ಞಾನ ಎತ್ತ ಹೊರಟಿದೆಯೆಂದು ಅಧ್ಯಯನ ಮಾಡಿ ವರದಿ ಬರೆಯುವ ಕೆಲಸ. ಚಿರತೆಯ ಕೊರಳಿಗೆ ಕಟ್ಟುವ ರೇಡಿಯೋ ಪಟ್ಟಿ, ಮೇಲೆ ಹಾರಿ ಹಿಂಡು ಎಣಿಸುವ ಡ್ರೋನು, ಇದು ಕರಡಿ ಇದು ಮನುಷ್ಯ ಎಂದು ತಾನೇ ಬೇರ್ಪಡಿಸುವ ಕ್ಯಾಮೆರಾ, ಹೀಗೆ. ಟ್ರಸ್ಟಿನ ಮುಖ್ಯಸ್ಥ ಪ್ರಸನ್ನಕುಮಾರ್ ಮೊದಲ ದಿನವೇ ತಮ್ಮ ಎದುರು ಅವಳಿಗೆ ಕುರ್ಚಿ ಹಾಕಿಸಿ, ತಮ್ಮ ಡಬ್ಬಿಯ ಚಿತ್ರಾನ್ನ ಹಂಚಿಕೊಂಡರು. ಕುರ್ಚಿಗೂ ಚಿತ್ರಾನ್ನಕ್ಕೂ ಕರಗದ ಜೀವ ಆ ಹಟ್ಟಿಯಲ್ಲಿ ಇನ್ನೂ ಹುಟ್ಟಿಲ್ಲ. ಅವಳು ಅವರನ್ನು ಕಣ್ಣು ಮುಚ್ಚಿ ನಂಬಿದಳು.

ಕರಡಿಗುಡ್ಡದ ಹಳ್ಳದ ಗುಂಟ ಕ್ಯಾಮೆರಾ ಕಟ್ಟಲು ಹೋದಾಗ ಹಟ್ಟಿಯವರು ಅಡ್ಡ ನಿಂತಿದ್ದರು. ಆ ಹಳ್ಳದ ಈಚಲು ಗರಿಯಿಂದಲೇ ಅವರ ಪೊರಕೆ, ಪೊರಕೆ ಮಾರಿಯೇ ಅವರ ಗಂಜಿ.

“ಮರಕ್ಕೆಲ್ಲ ಕಣ್ಣು ಕಟ್ಬುಟ್ರೆ ನಾವು ಎತ್ಲಾಗೆ ಹೋಗಾಣವ್ವ?” ಎಂದು ನರಸಕ್ಕ ಕೇಳಿದ್ದಳು.

“ಪ್ರಾಣಿಗಳ್ದು ಮಾತ್ರ ಮಡೀಕಳದು ಅಜ್ಜಿ. ಮನುಷ್ಯರು ಬಿದ್ರೆ ಮಿಷನ್ನೇ ಅಳ್ಸಾಕ್ತದೆ.”

ಪ್ರಸನ್ನಕುಮಾರ್ ಮಧುಶ್ರೀಗೆ ಹಾಗೆಂದೇ ಹೇಳಿಕೊಟ್ಟಿದ್ದರು. ಹಟ್ಟಿ ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಕೊನೆಗೆ ಮಧುಶ್ರೀ ಮಾರಮ್ಮನ ಗುಡಿಯ ಮುಂದಿನ ಕಲ್ಲು ಮುಟ್ಟಿ ಆಣೆ ಇಟ್ಟಳು. ಆ ಕಲ್ಲು ಮುಟ್ಟಿ ಸುಳ್ಳಾಡಿದವರನ್ನು ಹಟ್ಟಿಯಲ್ಲಿ ಯಾರೂ ಮನೆಯೊಳಗೆ ಕರೆಯುವುದಿಲ್ಲ, ಅವರ ಕೈಯ ನೀರು ಕುಡಿಯುವುದಿಲ್ಲ. ಊರಿನವರು ತಮಗೆ ಮಾಡುವುದನ್ನು ಹಟ್ಟಿಯವರು ಆಣೆ ತಪ್ಪಿದವರಿಗೆ ಮಾಡುತ್ತಿದ್ದರು.

ಆಣೆಯಾದ ಮೇಲೆ ಹೆಂಗಸರು ಆ ಕ್ಯಾಮೆರಾಗಳನ್ನು ಮನೆಯ ಮಕ್ಕಳಂತೆ ಕಂಡರು. ದಾಸಮ್ಮನ ಫೋಟೋ ಎಂದು ಈ ಲೋಕದಲ್ಲಿದ್ದದ್ದು ಆಧಾರ್ ಕಾರ್ಡಿನದು ಒಂದೇ, ಅದನ್ನು ನೋಡಿದರೆ ಅವಳಿಗೇ ಅವಳ ಗುರುತು ಹತ್ತುತ್ತಿರಲಿಲ್ಲ. ಊರ ಮದುವೆಗಳಲ್ಲಿ ಇವರು ಎಂಜಲೆಲೆ ತೆಗೆಯುವ ಹೊತ್ತಿಗೆ ಫೋಟೋದವನು ಗಂಟುಮೂಟೆ ಕಟ್ಟಿರುತ್ತಿದ್ದ. ಈಗ ಮಗಳು ಕಟ್ಟಿದ ಕ್ಯಾಮೆರಾ ಸಿಕ್ಕಿದಲ್ಲೆಲ್ಲ ಮೂವರೂ ನಿಲ್ಲುತ್ತಿದ್ದರು. ಬೆವರು ಒರೆಸಿಕೊಂಡು, ಸೆರಗು ಎಳೆದುಕೊಂಡು, ತಲೆಯ ಮೇಲಿನ ಹೊರೆ ನೆಟ್ಟಗೆ ಮಾಡಿಕೊಂಡು, ಕೆಂಪು ದೀಪ ಮಿನುಗುವ ತನಕ ನಗುತ್ತಿದ್ದರು. ಅಳಿಸುವ ಮುಂಚೆ ಮಗಳು ಒಂದು ಸಲವಾದರೂ ನೋಡುತ್ತಾಳಲ್ಲ ಎಂಬ ಆಸೆ ಅವರದು.

ಮಗಳು ನೋಡಿದಳು. ಟ್ರಸ್ಟಿನ ಕಂಪ್ಯೂಟರಿನಲ್ಲಿ ಕರಡಿಗಳು ಒಂದು ಕಡೆ, ಮನುಷ್ಯರು ಒಂದು ಕಡೆ ಬಿದ್ದಿದ್ದರು. ಒಬ್ಬರನ್ನೂ ಅಳಿಸಿರಲಿಲ್ಲ.

“ಇವೆಲ್ಲ ಇನ್ನೂ ಯಾಕಿವೆ ಸರ್?” ಎಂದು ಅವಳು ಕೇಳಿದ್ದಕ್ಕೆ ಪ್ರಸನ್ನಕುಮಾರ್ ಪಕ್ಕದಲ್ಲಿ ಬಂದು ಕೂತರು.

“ಪಾಪ, ಈ ಹೆಂಗಸರಿಗೆ ಏನಾದರೂ ಮಾಡೋಣ ಮಧು. ಗ್ಯಾಸ್ ಒಲೆ ಕೊಡಿಸೋಣ. ಯಾರ್ಯಾರು ಹೇಳು.”

ಅವಳು ಪರದೆಯ ಮೇಲೆ ಬೆರಳಿಟ್ಟು ಹೇಳುತ್ತ ಹೋದಳು. ಇದು ನಮ್ಮವ್ವ ಸರ್, ಇದು ಚಿಕ್ಕವ್ವ, ಇದು ನರಸಜ್ಜಿ, ಹಲ್ಲಿಲ್ಲದಿದ್ದರೂ ಹೆಂಗೆ ನಗುತ್ತೆ ನೋಡಿ. ಅವರೂ ನಕ್ಕರು, ನಗುತ್ತಲೇ ಹೆಸರು ಟೈಪು ಮಾಡಿಕೊಂಡರು. ಮುಂದಿನ ಚಿತ್ರದಲ್ಲಿ ಕಲ್ಲು ತುಂಬಿದ ಟ್ರಾಕ್ಟರೊಂದು ಹಳ್ಳ ದಾಟುತ್ತಿತ್ತು. “ಅದು ನಮ್ಮ ಸಬ್ಜೆಕ್ಟ್ ಅಲ್ಲ” ಎಂದು ಅದೊಂದನ್ನು ಮಾತ್ರ ಅವರೇ ಕೈಯಾರೆ ಅಳಿಸಿದರು. ಅವತ್ತು ಸಂಜೆ ಅವಳು ಮನೆಗೆ ಫೋನು ಮಾಡಿ, ಒಲೆ ಬರುತ್ತದೆ ಎಂದು ಅವ್ವನಿಗೆ ಹೇಳಿದ್ದಳು.

ಈಗ ರೇಂಜರ್ ಸಾಹೇಬರ ಕೋಣೆಯೊಳಗೆ ಗೋಡೆಯ ಟಿವಿಯಲ್ಲಿ ಆ ಮೂವರೇ ಹೊರೆ ಹೊತ್ತು ನಗುತ್ತಿದ್ದರು. ಪ್ರಸನ್ನಕುಮಾರ್ ಸಾಹೇಬರ ಎದುರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು.

“ಸರ್, ಒಲೆ ಕೊಡಿಸ್ತೀವಿ ಅಂದಿದ್ರಿ.”

“ಕೂತ್ಕೊ ಮಧು,” ಎಂದರು ಅವರು. ಅಲ್ಲಿ ಇನ್ನೊಂದು ಕುರ್ಚಿ ಇರಲಿಲ್ಲ. “ನಿನ್ನ ವರದಿ ಎಷ್ಟು ಚೆನ್ನಾಗಿದೆ ಗೊತ್ತಾ? ಆದ್ರೆ ಇಷ್ಟೆಲ್ಲ ಟೆಕ್ನಾಲಜಿಯಿಂದ ಸಿಕ್ಕಿದ್ದೇನು ಅಂತ ಮೇಲಿನೋರು ಕೇಳ್ತಾರಮ್ಮ. ಕರಡಿ ಫೋಟೋ ಎಲ್ಲರ ಹತ್ರಾನೂ ಇದೆ. ಕಳ್ಳತನ ಹಿಡಿದದ್ದು ಈ ಕಡೆ ನಾವೇ ಮೊದಲು.”

“ಗರಿ ಕುಯ್ದಿದ್ದು ಕಳ್ಳತನವಾ ಸರ್?”

ರೇಂಜರ್ ಸಾಹೇಬರು ಕಾಫಿ ಲೋಟ ಕೆಳಗಿಟ್ಟರು. “ಓದಿದೋಳಲ್ವೇನೇ ನೀನು? ಕಾಡಲ್ಲಿ ಹುಲ್ಲುಕಡ್ಡಿ ಮುಟ್ಟಿದ್ರೂ ಕೇಸೇ. ನಿಮ್ಮ ಸಾರ್ ಮುಖ ನೋಡಿ ದೊಡ್ಡದು ಮಾಡ್ತಿಲ್ಲ. ಪೇಪರಿನೋನು ಬರ್ತಾವ್ನೆ. ಒಂದು ಫೋಟೋ ಆಗ್ಲಿ, ತಪ್ಪಾಯ್ತು ಅಂತ ಹೆಬ್ಬೆಟ್ಟು ಒತ್ಲಿ, ಕಳಿಸ್ತೀನಿ. ಮತ್ತೆ ಗುಡ್ಡ ಹತ್ತಿದ್ರೆ ಮಾತ್ರ ಜೈಲೇ.”

“ನೀನೂ ನಮ್ಮ ಪಕ್ಕ ನಿಂತ್ಕೊ,” ಎಂದರು ಪ್ರಸನ್ನಕುಮಾರ್, ಬಹಳ ಅಕ್ಕರೆಯಿಂದ. “ಕ್ಯಾಮೆರಾ ಕೈಯಲ್ಲಿ ಹಿಡ್ಕೊ. ಅವರ ಜನದ ಹುಡುಗೀನೇ ಹಿಡಿದುಕೊಟ್ಟಳು ಅಂದ್ರೆ ಅದರ ತೂಕವೇ ಬೇರೆ. ನಿನ್ನ ಕೆಲಸ ಕಾಯಂ ಮಾಡಿಸೋ ಜವಾಬ್ದಾರಿ ನಂದು.”

ಮಧುಶ್ರೀ ಅವರ ಮುಖ ನೋಡಿದಳು. ನಂಬಿಸಿ ಕತ್ತು ಕೊಯ್ದವರ ಮುಖದಲ್ಲಿ ಅಳುಕಾದರೂ ಇರಬೇಕಿತ್ತು. ಈ ಮನುಷ್ಯ ಅವಳ ಬೆನ್ನು ತಟ್ಟಲು ಕೈ ಚಾಚಿದ್ದರು. ಅವಳು ಬಾಗಿಲು ದಾಟಿ ಅಂಗಳಕ್ಕೆ ಬಂದಳು.

“ಅವ್ವ, ನಂಗೆ ಗೊತ್ತಿರ್ಲಿಲ್ಲ ಕಣವ್ವ. ಒಲೆ ಕೊಡ್ಸೋಕೆ ಅಂತ ಕೇಳಿದ್ರು.”

ದಾಸಮ್ಮ ನೆಲ ನೋಡುತ್ತಲೇ ಮಾತಾಡಿದಳು. “ನಂದು ಅತ್ಲಾಗಿರ್ಲಿ. ಹುಟ್ಟಿದಾಗ ನಿಂಗೆ ಮೊದ್ಲು ನೀರು ಉಯ್ದೋಳು ಈ ನರಸಕ್ಕ. ಆ ಮುದ್ಕಿ ಹೆಸ್ರನೂ ಯೋಳ್ಬುಟ್ಟೆಯಲ್ಲೇ.”

“ಆಣೆಗೂ ನಾನು...”

“ಆಣೆ ಸುದ್ದಿ ಎತ್ಬ್ಯಾಡ.”

ಗಂಗಲಕ್ಷ್ಮಮ್ಮ ಪಕ್ಕಕ್ಕೆ ತಿರುಗಿ ಉಗುಳಿದಳು. ಯಾರ ಮೇಲೆಂದು ಮಧುಶ್ರೀ ಕೇಳಲಿಲ್ಲ.

ಅಷ್ಟರಲ್ಲಿ ಪತ್ರಿಕೆಯ ಮೋಹನ್ ಕುಮಾರ್ ಬಂದ. ಸಾಹೇಬರು ಟೋಪಿ ಸರಿಮಾಡಿಕೊಂಡು ಹೊರಗೆ ಬಂದರು, ಹಿಂದೆಯೇ ಪ್ರಸನ್ನಕುಮಾರ್ ಬಂದರು. ಕಳ್ಳರನ್ನು ಹಿಡಿದಾಗ ಪೇಪರಿನಲ್ಲಿ ಬರುವ ಫೋಟೋದ ಕ್ರಮ ಎಲ್ಲರಿಗೂ ಗೊತ್ತೇ ಇದೆ. ಹಿಡಿದವರು ಹಿಂದೆ ಸಾಲಾಗಿ ನಿಂತರು. ಹಿಡಿಸಿಕೊಂಡವರನ್ನು ಮುಂದೆ ನೆಲದ ಮೇಲೆ ಕೂರಿಸಿ, ಹಾಲೇಶ್ ಒಬ್ಬೊಬ್ಬರ ತಲೆಯ ಮೇಲೂ ಹೊರೆ ಎತ್ತಿಟ್ಟ. ಪ್ರಸನ್ನಕುಮಾರ್ ಮಧುಶ್ರೀಯ ತೋಳು ಹಿಡಿದು ಪಕ್ಕಕ್ಕೆ ಎಳೆದುಕೊಂಡು ಅವಳ ಕೈಗೆ ಗುಡ್ಡದ ಕ್ಯಾಮೆರಾ ಒಂದನ್ನು ಕೊಟ್ಟರು.

“ಈ ಕಡೆ ನೋಡ್ರಮ್ಮ,” ಎಂದ ಮೋಹನ್ ಕುಮಾರ್.

ದಾಸಮ್ಮ ಕೂತಲ್ಲೇ, ಹೊರೆ ಬೀಳದಂತೆ ಒಂದು ಕೈಯಲ್ಲಿ ಹಿಡಿದುಕೊಂಡು, ಪೂರ್ತಿ ಹಿಂದಕ್ಕೆ ತಿರುಗಿ ಕೂತಳು. ಗಂಗಲಕ್ಷ್ಮಮ್ಮ ತಿರುಗಿದಳು. ನರಸಕ್ಕನೂ ನೆಲಕ್ಕೆ ಕೈಯೂರಿ ನಿಧಾನಕ್ಕೆ ತಿರುಗಿದಳು.

“ಲೇ, ತಿರುಗ್ರೇ ಈಕಡೆ,” ಎಂದು ಸಾಹೇಬರು ಗದರಿದರು. ಹಾಲೇಶ್ ನರಸಕ್ಕನ ರಟ್ಟೆ ಹಿಡಿದು ಎಳೆದು ಕೂರಿಸಿದ. ಅವನು ಕೈ ಬಿಟ್ಟದ್ದೇ ತಡ, ಮುದುಕಿ ಮತ್ತೆ ತಿರುಗಿದಳು.

“ಒಂದ್ಸಲ ನಕ್ಕಿದ್ದೇ ಸಾಕು ಬುಡು ಸ್ವಾಮಿ,” ಎಂದಳು.

ಮಧುಶ್ರೀ ಕ್ಯಾಮೆರಾವನ್ನು ಮಣ್ಣಿನ ಮೇಲಿಟ್ಟಳು. ಕೊರಳ ಚೀಟಿ ತೆಗೆದು ಅದರ ಮೇಲೆ ಹಾಕಿದಳು. ಬಂದು ಅವ್ವನ ಮಗ್ಗುಲಲ್ಲಿ, ಅವ್ವನಂತೆಯೇ ಬೆನ್ನು ಮಾಡಿ ಕೂತಳು.

“ನೀನು ತಿರುಗ್ಬ್ಯಾಡ,” ಎಂದಳು ದಾಸಮ್ಮ. ದನಿ ಏರಲಿಲ್ಲ. “ನೀನು ಮಕ ತೋರ್ಸು. ನಮ್ಮನ್ನ ತೋರಿಸ್ಕೊಟ್ಟೋಳು ಯಾರು ಅಂತ ಹಟ್ಟಿ ನೋಡ್ಲಿ.”

ಮಧುಶ್ರೀ ಮತ್ತೆ ಮುಂದಕ್ಕೆ ತಿರುಗಿ ಕೂತಳು. ಮೂರು ಬೆನ್ನುಗಳ ನಡುವೆ ಅವಳದೊಂದೇ ಮುಖ ಬಿಸಿಲಿಗೆ ಬಿತ್ತು.

ಮೋಹನ್ ಕುಮಾರ್ ಗೊಂದಲಕ್ಕೆ ಬಿದ್ದ. “ಇವ್ರು ಯಾರ ಕಡೆ ಸರ್? ಹೆಸರೇನಂತ ಬರ್ಕೊಳ್ಳಲಿ?”

“ನಮ್ಮ ಇಂಟರ್ನ್ ಅವಳು,” ಎಂದರು ಪ್ರಸನ್ನಕುಮಾರ್. “ಹುಚ್ಚಾಟ ಬೇಡ ಮಧು, ಎದ್ದು ಬಾ.”

“ದಾಸಮ್ಮನ ಮಗಳು ಅಂತ ಬರ್ಕೊಳ್ಳಿ,” ಎಂದಳು ಮಧುಶ್ರೀ. ಎಲ್ಲರಿಗೂ ಕೇಳುವಂತೆ ಹೇಳಿದಳು. “ನಾನು ಉಂಡಿದ್ದು, ಓದಿದ್ದು ಎಲ್ಲಾ ಈ ಕದ್ದ ಗರೀಲೇ. ನನ್ನ ಮೇಲೂ ಕೇಸು ಹಾಕ್ಲಿ.”

“ಹಾಕಾನ ಬುಡು. ಇವಳ ತಲೆ ಮೇಲೂ ಹೊರಿಸ್ರೋ,” ಎಂದರು ಸಾಹೇಬರು.

ಹಾಲೇಶ್ ನರಸಕ್ಕನ ಹೊರೆ ಕಿತ್ತು ತಂದು ಅವಳ ತಲೆಯ ಮೇಲೆ ಕುಕ್ಕಿದ. ಗರಿಯ ಮುಳ್ಳು ಹಣೆಗೆ ನಾಟಿತು. ಮಧುಶ್ರೀ ಅವ್ವನ ಒಂದೇ ಒಂದು ಮಾತಿಗಾಗಿ ಕಾದಳು. ದಾಸಮ್ಮ ಹೊರೆ ಹಿಡಿದ ಕೈ ಬದಲಿಸಿದಳು, ತಿರುಗಲಿಲ್ಲ. ಮೋಹನ್ ಕುಮಾರ್ ಒಂದು ಹೆಜ್ಜೆ ಮುಂದೆ ಬಂದು ಫೋಟೋ ತೆಗೆದ.