ಎಂಟರಲ್ಲೇ ಉಳಿದ ಶಟರ್

ಶವಾಗಾರದಿಂದ ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತು ಕ್ಯಾಮೆರಾದ ಪುಟ್ಟ ಪರದೆಯಲ್ಲಿ ನೋಡಿದಾಗ ಹನ್ನೊಂದು ಫೋಟೋಗಳೂ ಚೆನ್ನಾಗಿಯೇ ಕಂಡವು. ಬೆಳಕು ಸರಿಯಾಗಿ ಬಿದ್ದಿತ್ತು. ಮುಖ ಮಧ್ಯದಲ್ಲಿತ್ತು. ಅಲ್ಲಿಂದ ಹೋದರೆ ಸಾಕು ಅನ್ನಿಸಿದ್ದರಿಂದ ಒಂದನ್ನೂ ದೊಡ್ಡದು ಮಾಡಿ ನೋಡಲಿಲ್ಲ.

ಅದು ಸೋಮವಾರ. ನಾನು ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿ ಬಾಬ್ಜಿಯವರ ಫೋಟೋ ಸ್ಟುಡಿಯೋಕ್ಕೆ ಸೇರಿ ಎರಡು ವರ್ಷವಾಗಿತ್ತು. ಅಪ್ಪನಿಗೆ ಬ್ಯಾಂಕಿನಲ್ಲಿ ಬಡ್ತಿ ಸಿಕ್ಕಿ ದಾವಣಗೆರೆಯಿಂದ ವಿಶಾಖಪಟ್ಟಣಕ್ಕೆ ವರ್ಗವಾದಾಗ ನಾನು ಒಂಬತ್ತನೇ ಕ್ಲಾಸಿನಲ್ಲಿದ್ದೆ. ಇಲ್ಲಿನ ಶಾಲೆಯಲ್ಲಿ ಯಾರು ತೆಲುಗಿನಲ್ಲಿ ಏನು ಕೇಳಿದರೂ ನನ್ನ ಬಾಯಿಂದ ಮಾತು ಹೊರಡುತ್ತಿರಲಿಲ್ಲ. ವರ್ಷ ಮುಗಿಯುವ ಮೊದಲೇ ಬಿಟ್ಟುಬಿಟ್ಟೆ. ಸ್ಟುಡಿಯೋದಲ್ಲಿ ಮಾತಿನ ಅಗತ್ಯ ಕಡಿಮೆ. ಸರಿಯಾಗಿ ನೋಡಿದರೆ ಸಾಕು.

ಗುರುತು ಸಿಗದ ಹೆಣ ಬಂದರೆ ಠಾಣೆಯವರು ಫೋಟೋಕ್ಕೆ ಬಾಬ್ಜಿಯವರನ್ನೇ ಕರೆಯುತ್ತಾರೆ. ಆ ದಿನ ಅವರು ಮದುವೆಯೊಂದರ ಕೆಲಸಕ್ಕೆ ವಿಜಯವಾಡಕ್ಕೆ ಹೋಗಿದ್ದರು. ಒಳ್ಳೆಯ ಕ್ಯಾಮೆರಾ, ಫ್ಲಾಶ್ ಎರಡೂ ಅವರ ಜೊತೆಯಲ್ಲಿದ್ದವು. ಫೋನಿನಲ್ಲಿ ಹೇಳಿದರು:

"ಹಳೇ ಕ್ಯಾಮೆರಾ ತಗೊಂಡು ನೀನೇ ಹೋಗಮ್ಮಾ. ಹತ್ತು ನಿಮಿಷದ ಕೆಲಸ. ಅವನು ಕಣ್ಣು ಮಿಟುಕಿಸಲ್ಲ, ಅಲ್ಲಾಡಲ್ಲ. ಇಷ್ಟು ಒಳ್ಳೇ ಗಿರಾಕಿ ನಿನಗೆ ಮತ್ತೆ ಸಿಗಲ್ಲ."

ಅವನು ಅಲ್ಲಾಡಲಿಲ್ಲ. ನನ್ನ ಕೈ ಅಲ್ಲಾಡಿತು.

ಇಪ್ಪತ್ತೈದರ ಆಸುಪಾಸಿನ ಹುಡುಗ. ಭಾನುವಾರ ಸಮುದ್ರ ಅವನನ್ನು ದಡಕ್ಕೆ ತಂದು ಹಾಕಿತ್ತಂತೆ. ಮೈಮೇಲೆ ಒಂದು ಚಡ್ಡಿ ಬಿಟ್ಟರೆ ಬೇರೇನೂ ಇರಲಿಲ್ಲ. ಮುಖ ಊದಿಕೊಂಡಿತ್ತು. ಕೋಣೆಯಲ್ಲಿ ಒಂದೇ ಕಿಟಕಿ. ಅದರ ಬೆಳಕು ಅವನ ಬಲಗೆನ್ನೆಯ ಮೇಲೆ ಬೀಳುತ್ತಿತ್ತು. ಫೋಕಸ್ ಯಾವತ್ತೂ ಕಣ್ಣಿನ ಮೇಲೆ ಇಡಬೇಕು ಎಂದು ಬಾಬ್ಜಿಯವರು ಕಲಿಸಿದ್ದರು. ಕಣ್ಣು ಮುಚ್ಚಿತ್ತು. ಮೂಗಿನ ಬಲಬದಿಯ ಮೇಲೆ ಫೋಕಸ್ಸಿನ ಚೌಕ ಇಟ್ಟು, ಪರದೆಯನ್ನು ಹತ್ತುಪಟ್ಟು ದೊಡ್ಡದು ಮಾಡಿ, ಲೆನ್ಸಿನ ಉಂಗುರವನ್ನು ನಿಧಾನವಾಗಿ ತಿರುಗಿಸಿದೆ. ಚರ್ಮದ ರಂಧ್ರಗಳು ಒಂದೊಂದಾಗಿ ಸ್ಪಷ್ಟವಾದವು. ಮೂಗಿನ ಹೊಳ್ಳೆಯ ಮೇಲೆ ಎಳ್ಳಿನಷ್ಟು ಒಂದು ಗುಳಿ ಇತ್ತು. ಮೂಗುಬೊಟ್ಟು ತೆಗೆದು ಬಹಳ ದಿನವಾದ ಮೇಲೆ ತೂತು ಮುಚ್ಚಿಕೊಂಡರೆ ಆಗುವಂಥದ್ದು. ನನ್ನ ಮೂಗಿನ ಮೇಲೂ ಅಂಥದ್ದೇ ಇದೆ. ಗಂಡಸಿಗೆ ಯಾಕೆ ಎಂದುಕೊಂಡೆ. ಆಮೇಲೆ ವಾಸನೆ ತಡೆಯಲಾಗದೆ ಉಸಿರು ಬಿಗಿಹಿಡಿದು ಬೇಗಬೇಗ ಗುಂಡಿ ಒತ್ತಿದೆ.

ಸ್ಟುಡಿಯೋಕ್ಕೆ ಬಂದು ಕಂಪ್ಯೂಟರಿನಲ್ಲಿ ಒಂದೊಂದಾಗಿ ತೆರೆದು ನೋಡಿದೆ. ಹನ್ನೊಂದರಲ್ಲಿ ಒಂದೂ ಸರಿಯಾಗಿರಲಿಲ್ಲ. ಒಂದರಲ್ಲಿ ತುಟಿ ಎರಡೆರಡಾಗಿತ್ತು, ಇನ್ನೊಂದರಲ್ಲಿ ಹುಬ್ಬು ಹಣೆಯವರೆಗೆ ಉಜ್ಜಿಕೊಂಡು ಹೋಗಿತ್ತು. ಮೂಗು ಒಂದು ಮೆತ್ತನೆಯ ಮುದ್ದೆ.

ಏನಾಗಿದೆ ಎಂದು ತಕ್ಷಣ ತಿಳಿಯಿತು. ಹಿಂದಿನ ದಿನ ಒಡವೆ ಅಂಗಡಿಯವರ ಸರಗಳ ಫೋಟೋ ತೆಗೆದಿದ್ದೆ. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದು ಶಟರನ್ನು ಎಂಟಕ್ಕೆ ಇಟ್ಟಿದ್ದೆ. ಎಂಟು ಅಂದರೆ ಸೆಕೆಂಡಿನ ಎಂಟನೇ ಒಂದು ಭಾಗದ ಹೊತ್ತು ಅದು ತೆರೆದಿರುತ್ತದೆ. ಸ್ಟ್ಯಾಂಡಿನ ಮೇಲೆ ತೊಂದರೆಯಿಲ್ಲ. ಕೈಯಲ್ಲಿ ಹಿಡಿದರೆ ಅಷ್ಟು ಹೊತ್ತಿನಲ್ಲಿ ನಾಡಿ ಬಡಿದದ್ದೂ ಚಿತ್ರದಲ್ಲಿ ಬರುತ್ತದೆ. ಕ್ಯಾಮೆರಾ ಕೈಗೆತ್ತಿಕೊಂಡ ಕೂಡಲೇ, ಬೇರೆಲ್ಲಕ್ಕಿಂತ ಮೊದಲು, ನೂರ ಇಪ್ಪತ್ತೈದಕ್ಕೆ ತಿರುಗಿಸಬೇಕು. ಅದು ಸ್ಟುಡಿಯೋದ ಕಟ್ಟಳೆ. ನಾನು ಮರೆತಿದ್ದೆ.

ಬಾಬ್ಜಿಯವರಿಗೆ ಫೋನ್ ಮಾಡಿದೆ. ಹಿಂದೆ ಮದುವೆಯ ವಾದ್ಯ ಕೇಳುತ್ತಿತ್ತು.

"ಶಟರ್ ಎಷ್ಟಿತ್ತು?"

"ಎಂಟು."

ಅವರು ಬೈಯಲಿಲ್ಲ. "ಇವತ್ತೇ ಹೋಗಿ ಇನ್ನೊಂದು ಸಲ ತೆಗಿ. ಠಾಣೆಯ ರಾಮಮೋಹನ್ ಗಾರಿಗೆ ನಾನು ಹೇಳಿದೆ ಅನ್ನು."

"ಹೂಂ" ಅಂದೆ. ಹೋಗಲಿಲ್ಲ. ಆ ಕೋಣೆ, ಆ ವಾಸನೆ, ಮತ್ತೆ ಆ ಮುಖದ ಮೇಲೆ ಬಗ್ಗುವುದು. ಅದಕ್ಕಿಂತ ಹೆಚ್ಚಾಗಿ, ಹೆಡ್ ಕಾನ್ಸ್‌ಟೇಬಲ್ ರಾಮಮೋಹನ್ ಅವರೆದುರು ನಿಂತು ತಪ್ಪಾಯಿತು ಎಂದು ಹೇಳುವುದು. ಇದ್ದುದರಲ್ಲಿ ವಾಸಿ ಎನ್ನುವಂಥ ಒಂದನ್ನು ಆರಿಸಿ ಸಣ್ಣದಾಗಿ ಪ್ರಿಂಟ್ ಹಾಕಿದೆ. ಸಣ್ಣದಾಗಿದ್ದರೆ ಮಸುಕು ಅಷ್ಟಾಗಿ ತಿಳಿಯುವುದಿಲ್ಲ. ಅದನ್ನು ಲಕೋಟೆಯಲ್ಲಿ ಹಾಕಿ ಠಾಣೆಯ ಬಾಗಿಲಲ್ಲಿ ಯಾರದೋ ಕೈಗೆ ಕೊಟ್ಟು ಬಂದೆ.

ಬುಧವಾರ ಬೆಳಿಗ್ಗೆ ರಾಮಮೋಹನ್ ಅವರೇ ಫೋನ್ ಮಾಡಿದರು. "ವಿಜಯವಾಡದಿಂದ ಒಂದು ಕುಟುಂಬ ಬಂದಿದೆ. ನೀ ಕೊಟ್ಟಿದ್ದು ಅಂಚೆಚೀಟಿ ಥರಾ ಇದೆಯಲ್ಲಮ್ಮಾ. ದೊಡ್ಡದು ತಗೊಂಡು ಬಾ."

ಅದೇ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿ, ಕ್ಯಾಮೆರಾ ಇದ್ದ ಚೀಲವನ್ನೂ ಹೆಗಲಿಗೇರಿಸಿಕೊಂಡು ಠಾಣೆಗೆ ಹೋದೆ.

ಠಾಣೆಯ ಬೆಂಚಿನ ಮೇಲೆ ಒಬ್ಬ ಹೆಂಗಸು ಕೂತಿದ್ದರು. ಮಡಿಲಲ್ಲಿ ಕೈಚೀಲ, ಅದರಲ್ಲಿ ಊಟದ ಡಬ್ಬಿ. ಪಕ್ಕದಲ್ಲಿ ನಿಂತಿದ್ದವರು ಮೈದುನ ಸೂರ್ಯಪ್ರಕಾಶ, ವಿಜಯವಾಡದ ಆಟೋನಗರ್‌ನಲ್ಲಿ ಲೇತ್ ಅಂಗಡಿ ಇಟ್ಟವರು. ಹೆಂಗಸಿನ ಹೆಸರು ಶಾರದಾ. ಮಗ ಸುಮಂತ್ ಇಲ್ಲೇ ಹತ್ತಿರದ ಪರವಾಡದಲ್ಲಿ ಔಷಧಿ ಕಂಪನಿಯ ಶಿಫ್ಟ್ ಕೆಲಸಕ್ಕಿದ್ದ. ಶನಿವಾರದಿಂದ ಫೋನ್ ಎತ್ತಿಲ್ಲ, ತನ್ನ ಬಾಡಿಗೆ ಕೋಣೆಗೂ ಬಂದಿಲ್ಲ.

"ತಡವಾಗ್ತಿದೆ ವದಿನಾ" ಎಂದು ಸೂರ್ಯಪ್ರಕಾಶ ಅತ್ತಿಗೆಗೆ ತೆಲುಗಿನಲ್ಲಿ ಹೇಳುತ್ತಿದ್ದರು. "ನೋಡಿ ಹೋಗೋಣ. ಒಂದು ಗಂಟೆಗೆ ರೈಲಿದೆ. ನಮ್ಮ ಹುಡುಗ ಆಗಿರಲ್ಲ."

ರಾಮಮೋಹನ್ ನನ್ನ ಕೈಯಿಂದ ಫೋಟೋ ತೆಗೆದುಕೊಂಡು ಹುಬ್ಬು ಗಂಟಿಕ್ಕಿದರು. "ಇದೇನಮ್ಮಾ, ಹೆಣ ಓಡ್ತಾ ಇತ್ತಾ?"

ಮೂಲೆಯಲ್ಲಿದ್ದ ಪೇದೆ ನಕ್ಕ. ನಾನು ನೆಲ ನೋಡಿದೆ.

"ಮೊದಲು ಫೋಟೋ ನೋಡಿ" ಎಂದು ಅವರು ಶಾರದಮ್ಮನ ಕಡೆ ತಿರುಗಿದರು. "ಹೋಲಿಕೆ ಇದ್ದರೆ ಶವಾಗಾರಕ್ಕೆ ಹೋಗೋಣ. ಇಲ್ಲಾಂದ್ರೆ ಸುಮ್ಮನೆ ಅದನ್ನೆಲ್ಲಾ ನೋಡೋದು ಬೇಡ. ನಾಳೆ ಹತ್ತಕ್ಕೆ ಹೇಗೂ ಕಾರ್ಪೊರೇಷನ್‌ನವರು ಮಣ್ಣು ಮಾಡೋಕೆ ಒಯ್ತಾರೆ."

ಶಾರದಮ್ಮ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹತ್ತಿರ ತಂದರು, ದೂರ ಹಿಡಿದರು. ಅವರ ಭುಜ ನಿಧಾನವಾಗಿ ಸಡಿಲವಾಯಿತು.

"ಇವನಲ್ಲ" ಅಂದರು. ಆಮೇಲೆ ತಮ್ಮಷ್ಟಕ್ಕೆ ತಾವೇ, ಕನ್ನಡದಲ್ಲಿ: "ಇವನಲ್ಲಪ್ಪಾ. ನನ್ನ ಮಗ ಇವನಲ್ಲ."

ಠಾಣೆಯಲ್ಲಿ ಕನ್ನಡ ಕೇಳುತ್ತೇನೆ ಎಂದುಕೊಂಡಿರಲಿಲ್ಲ. ತಲೆ ಎತ್ತಿದೆ.

"ಸರಿಯಾಗಿ ನೋಡಿ" ಅಂದರು ರಾಮಮೋಹನ್.

"ನೋಡಿದೆ ಸರ್." ಶಾರದಮ್ಮ ತೆಲುಗಿಗೆ ಹೊರಳಿದರು. "ನನ್ನ ಮಗನ ಮೂಗಿನ ಮೇಲೆ ಗುರುತಿದೆ. ಅವನಿಗಿಂತ ಮೊದಲು ಎರಡು ಮಕ್ಕಳು ಹೋದವು. ಇವನು ಹುಟ್ಟಿದಾಗ ನಮ್ಮತ್ತೆ ಮೊರದಲ್ಲಿ ಮಲಗಿಸಿ ಮೂಗು ಚುಚ್ಚಿಸಿದರು. ಹಾಗೆ ಮಾಡಿದರೆ ಸಾವು ಬೇಡ ಅಂತ ಬಿಟ್ಟುಹೋಗುತ್ತಂತೆ. ಸ್ಕೂಲಲ್ಲಿ ಹುಡುಗರು ಆಡಿಕೊಂಡರು ಅಂತ ಹತ್ತು ವರ್ಷಕ್ಕೇ ಕಿತ್ತು ಬಿಸಾಕಿದ. ತೂತಿನ ಗುರುತು ಹೋಗಲಿಲ್ಲ. ಇದರಲ್ಲಿ ನೋಡಿ, ಮೂಗು ನುಣ್ಣಗಿದೆ."

ನುಣ್ಣಗೆ ಮಾಡಿದ್ದು ನಾನು.

"ನಮ್ಮ ಹುಡುಗ ನೀರಿಗೂ ಇಳಿಯಲ್ಲ ಸರ್" ಅಂದರು ಸೂರ್ಯಪ್ರಕಾಶ. "ಕೃಷ್ಣಾ ತೀರದಲ್ಲೇ ಬೆಳೆದರೂ ಪುಷ್ಕರದ ನದೀಸ್ನಾನಕ್ಕೂ ದಡದಲ್ಲೇ ನಿಂತು ತಲೆ ಮೇಲೆ ಚೊಂಬಿನಲ್ಲಿ ಸುರಿದುಕೊಂಡವನು."

ರಾಮಮೋಹನ್ ಕಾಗದ ಎಳೆದುಕೊಂಡು ಬರೆಯತೊಡಗಿದರು. ನಮ್ಮವನಲ್ಲ ಎಂದು ಬರೆದು ಸಹಿ ಹಾಕಿಸಿಕೊಂಡರೆ ಅವರು ಒಂದು ಗಂಟೆಯ ರೈಲಿಗೆ ಹೋಗುತ್ತಾರೆ. ನಾಳೆ ಹತ್ತಕ್ಕೆ ಅವನು ಯಾರೂ ಇಲ್ಲದವನಾಗಿ ಹೋಗುತ್ತಾನೆ. ಇವರು ವಿಜಯವಾಡದಲ್ಲಿ ಫೋನಿನ ಮುಂದೆ ಕೂತಿರುತ್ತಾರೆ, ಎಷ್ಟು ವರ್ಷವೋ.

ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಫೋಟೋ ಮಸುಕಾಗಿದೆ, ಅಷ್ಟೇ. ಹೇಳಿದರೆ ಈ ಹೆಂಗಸಿನ ಭುಜ ಹೇಗಾಗುತ್ತದೆ ಎಂದು ನೋಡಬೇಕಾಗುತ್ತದೆ. ಅವರು ಪೆನ್ನು ಹಿಡಿದರು. ಸಮಾಧಾನದಲ್ಲಿ ಅದರ ಮುಚ್ಚಳ ತೆಗೆಯುವುದನ್ನೂ ಮರೆತು ಬರೆಯಲು ಹೋದರು.

"ಅಮ್ಮಾ" ಅಂದೆ. ತೆಲುಗು ಒಂದಕ್ಷರವೂ ಬರಲಿಲ್ಲ. "ಸಹಿ ಮಾಡಬೇಡಿ."

ಅವರು ತಿರುಗಿದರು. "ಕನ್ನಡದವಳಾ? ಯಾವೂರಮ್ಮ?"

"ದಾವಣಗೆರೆ."

"ನಮ್ಮ ತವರು ಹೊಸಪೇಟೆ" ಎಂದು ಅವರು ನಗಲು ಹೊರಟು, ನನ್ನ ಮುಖ ನೋಡಿ ನಿಲ್ಲಿಸಿದರು.

"ಆ ಫೋಟೋ ನಂಬಬೇಡಿ. ಅದು ಮಸುಕಾಗಿದೆ. ಶಟರು ತಪ್ಪಿಟ್ಟಿದ್ದೆ, ನನ್ನ ಕೈ ನಡುಗಿತು. ಫೋಕಸ್ ಮಾಡುವಾಗ ದೊಡ್ಡದು ಮಾಡಿ ನೋಡಿದ್ದೆ. ಅದು ಸ್ಪಷ್ಟ ಇತ್ತು."

"ಏನು ನೋಡಿದೆ?"

ನಾನು ಬಾಯಿಂದ ಹೇಳಲಾರದೆ ನನ್ನ ಮೂಗು ಮುಟ್ಟಿ ತೋರಿಸಿದೆ. ಬಲಗಡೆ.

"ಏನಂತೆ? ಏನಂತಾಳೆ ಈ ಹುಡುಗಿ?" ಸೂರ್ಯಪ್ರಕಾಶ ಕೇಳುತ್ತಲೇ ಇದ್ದರು. ಶಾರದಮ್ಮ ಎದ್ದು ಬಂದು ಹೆಬ್ಬೆರಳಿನಿಂದ ನನ್ನ ಮೂಗಿನ ಮೇಲಿನ ಮುಚ್ಚಿದ ತೂತನ್ನು ಸವರಿದರು.

"ಇಂಥದ್ದಾ?"

"ಹೂಂ."

"ನೀನು ನೋಡಿದ್ದು ಯಾವತ್ತು?"

"ಸೋಮವಾರ. ಅವತ್ತೇ ಮತ್ತೆ ಹೋಗಿ ಸರಿಯಾಗಿ ತೆಗೆಯಬೇಕಿತ್ತು. ಹೆದರಿಕೆಯಾಗಿ ಹೋಗಲಿಲ್ಲ."

ಅವರು ಬೈಯುತ್ತಾರೆ, ಹೊಡೆಯುತ್ತಾರೆ ಎಂದು ಕಾದೆ. ಅವರು ಶವಾಗಾರಕ್ಕೆ ಹೋಗಬೇಕು ಎಂದು ರಾಮಮೋಹನ್‌ಗೆ ತೆಲುಗಿನಲ್ಲಿ ಹೇಳಿ, ಬೆಂಚಿನ ಮೇಲಿದ್ದ ಊಟದ ಡಬ್ಬಿಯ ಚೀಲವನ್ನು ಎತ್ತಿ ಮೈದುನನ ಕೈಗೆ ಕೊಟ್ಟು, "ನಡಿ" ಅಂದರು. ನನಗೆ ಅಂದರು.

ಶವಾಗಾರದ ಬಾಗಿಲಲ್ಲಿ ಸೂರ್ಯಪ್ರಕಾಶ ನಿಂತುಬಿಟ್ಟರು. ನಾವಿಬ್ಬರು ರಾಮಮೋಹನ್ ಹಿಂದೆ ಒಳಗೆ ಹೋದೆವು. ಬಟ್ಟೆ ಸರಿಸಿದರು. ಶಾರದಮ್ಮ ಮುಖವನ್ನು ನೋಡಲೇ ಇಲ್ಲ; ಬೆರಳು ನೇರವಾಗಿ ಮೂಗಿನ ಮೇಲೆ ಹೋಯಿತು. ಅಲ್ಲೇ ನಿಂತಿತು. ಅವರ ಗಂಟಲಿನಿಂದ ಬಂದ ಸದ್ದು ಅಳುವಿನಂತೆ ಇರಲಿಲ್ಲ.

ಕಡತಕ್ಕೆ ಸರಿಯಾದ ಫೋಟೋ ಬೇಕು ಎಂದು ರಾಮಮೋಹನ್ ಮೆಲ್ಲಗೆ ಹೇಳಿದರು. ಬಾಬ್ಜಿ ಬಂದಿರಬಹುದು, ಕರೆಸುತ್ತೇನೆ ಅಂದರು.

"ಈ ಹುಡುಗಿಯೇ ತೆಗೀಲಿ" ಅಂದರು ಶಾರದಮ್ಮ. "ಇವಳೊಬ್ಬಳೇ ನೋಡಿದ್ದು."

ಚೀಲದಿಂದ ಕ್ಯಾಮೆರಾ ತೆಗೆದೆ. ಚಕ್ರವನ್ನು ತಿರುಗಿಸಿದೆ: ಹದಿನೈದು, ಮೂವತ್ತು, ಅರವತ್ತು, ನೂರ ಇಪ್ಪತ್ತೈದು. ಪರದೆ ಕತ್ತಲಾಯಿತು. ಐಎಸ್‌ಒ ಏರಿಸಿ ಬೆಳಕು ತಂದೆ. ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಉಸಿರು ಬಿಟ್ಟು, ಒತ್ತಿದೆ.

ಈ ಸಲ ಅಲ್ಲೇ ನಿಂತು ದೊಡ್ಡದು ಮಾಡಿ ನೋಡಿದೆ. ಶಾರದಮ್ಮ ನನ್ನ ಭುಜಕ್ಕೆ ಒರಗಿ ನೋಡಿದರು. ಚರ್ಮದ ರಂಧ್ರಗಳು ಒಂದೊಂದೂ ಕಾಣುತ್ತಿದ್ದವು. ಅವುಗಳ ನಡುವೆ ಆ ಗುಳಿ.