ವೆರಿಬೀಯ ಹಿಮಗಾಡಿ

ಲಿಯೋನ್ ಬಾಡಿಗೆಯ ಟ್ರೇಲರ್ ಎಳೆದುಕೊಂಡು ಸಿಡ್ನಿಯಿಂದ ಮೆಲ್ಬರ್ನ್ ಹೊರವಲಯದ ವೆರಿಬೀಯಲ್ಲಿದ್ದ ಅಕ್ಕನ ಮನೆ ಮುಟ್ಟಿದ್ದು ಒಂದು ಶನಿವಾರ ಮಧ್ಯಾಹ್ನ. ಫೆಬ್ರವರಿಯ ಬಿಸಿಲಿಗೆ ರಸ್ತೆಯ ಡಾಂಬರು ಮೆತ್ತಗಾಗಿತ್ತು. ಅಕ್ಕ ಆಲಿಸ್ ಒದ್ದೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ಅವನು ಹಗ್ಗ ಬಿಚ್ಚಿ ಟಾರ್ಪಾಲು ಸರಿಸುವುದನ್ನು ನೋಡುತ್ತ ನಿಂತಳು. ಒಳಗಿರುವುದು ಏನೆಂದು ಅವಳಿಗೆ ಮೊದಲು ತಿಳಿಯಲೇ ಇಲ್ಲ. ಮುಂದೆ ತುದಿ ಮೇಲಕ್ಕೆ ಬಾಗಿದ ಎರಡು ಕಬ್ಬಿಣದ ಸ್ಕೀಗಳು, ಹಿಂದೆ ಬುಲ್‌ಡೋಜರಿಗೆ ಇರುವಂಥ ಅಗಲದ ರಬ್ಬರ್ ಪಟ್ಟಿ, ನಡುವೆ ಇಲಿ ತಿಂದ ಸೀಟು. ಬಾನೆಟ್ಟು ಒಂದು ಕಾಲದಲ್ಲಿ ಹಳದಿ ಇದ್ದಿರಬೇಕು. ಉಳಿದದ್ದೆಲ್ಲ ತುಕ್ಕು.

"ಎಂತ ಮಾರಾಯ ಇದು?"

"ಸ್ನೋಮೊಬೈಲ್ ಅಕ್ಕ. ಹಿಮದ ಮೇಲೆ ಓಡಿಸುವ ಸ್ಕೂಟರ್ ಅಂತ ತಿಳ್ಕೋ. ಎಪ್ಪತ್ತೊಂದನೇ ಇಸವಿದು."

"ವೆರಿಬೀಯಲ್ಲಿ ಹಿಮ ಎಲ್ಲಿ ಬೀಳ್ತದೆ?"

ಲಿಯೋನ್ ಬಾಗಿಲ ಕಡೆ ನೋಡಿದ. ಅಲ್ಲಿ ಅವನ ಬಾವ ಕಮಿಲ್ಲಸ್ ನಿಂತಿದ್ದ. "ಬಾವ, ಸಿಡ್ನಿಯ ನನ್ನ ಫ್ಲಾಟಿನಲ್ಲಿ ಸೈಕಲ್ ಇಡ್ಲಿಕ್ಕೂ ಜಾಗ ಇಲ್ಲ. ಸ್ವಲ್ಪ ದಿನ ನಿಮ್ಮ ಗ್ಯಾರೇಜಿನಲ್ಲಿ ಇರ್ಲಿ," ಎಂದ. ಕಮಿಲ್ಲಸ್ ಗಾಡಿಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದ. "ಇಡು," ಎಂದು ಒಳಗೆ ಹೋದ. ಟೀವಿಯ ಸದ್ದು ಮತ್ತೆ ಕೇಳಿಸಿತು.

ತಮ್ಮ ಇದನ್ನು ತಂದದ್ದು ಏಕೆಂದು ಆಲಿಸ್‌ಗೆ ಆಗ ಅರ್ಥವಾಯಿತು. ಕಮಿಲ್ಲಸ್ ಹದಿನಾಲ್ಕು ವರ್ಷ ದುಡಿದ ಕಾರಿನ ಬಿಡಿಭಾಗಗಳ ಕಾರ್ಖಾನೆ ಹಿಂದಿನ ವರ್ಷ ಬಾಗಿಲು ಹಾಕಿತ್ತು. ಮೊದಲ ಕೆಲವು ತಿಂಗಳು ಅವನು ಅರ್ಜಿ ಹಾಕಿದ, ಇಂಟರ್‌ವ್ಯೂಗೆ ಶರ್ಟು ಇಸ್ತ್ರಿ ಮಾಡಿದ. ಆಮೇಲೆ ಅದೂ ನಿಂತಿತು. ಕ್ರಮೇಣ ಭಾನುವಾರ ಚರ್ಚಿನ ಪೂಜೆಗೆ ಬರುವುದನ್ನೂ ಬಿಟ್ಟ. ಪೂಜೆ ಮುಗಿಸಿ ಹೊರಗೆ ಬಂದರೆ ನಮ್ಮ ಮಂಗಳೂರಿನವರೇ ನಾಲ್ಕು ಜನ ಸೇರಿ, "ಮತ್ತೆ, ಈಗ ಎಲ್ಲಿ ಕೆಲಸ?" ಎಂದು ಕೇಳುತ್ತಾರೆ. ಕೇಳುವವರಿಗೆ ಅದು ಬರೀ ಮಾತು. ಅವನಿಗೆ ಹಾಗಿರಲಿಲ್ಲ. ಮನೆಯಲ್ಲೂ ಮಾತು ಕಡಿಮೆಯಾಯಿತು. ವೃದ್ಧರ ಆಶ್ರಮವೊಂದರಲ್ಲಿ ಆಲಿಸ್‌ಗೆ ಕೆಲಸ. ದಿನವಿಡೀ ಮುದುಕರ ಮಾತು ಕೇಳಿ ಮನೆಗೆ ಬಂದರೆ ಇಲ್ಲಿ ಗೋಡೆಯ ಜೊತೆ ಊಟ. ತಡೆಯಲಾಗದೆ ಒಂದು ದಿನ ಅವಳು ತಮ್ಮನಿಗೆ ಫೋನ್ ಮಾಡಿ ಅತ್ತಿದ್ದಳು. ಸಿಡ್ನಿಯ ವೆಸ್ಟ್‌ಮೀಡ್ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಲಿಯೋನ್‌ಗೆ ಹೊಳೆದ ಔಷಧಿ ಇದು. ಸಹೋದ್ಯೋಗಿಯೊಬ್ಬನ ತಂದೆ ತೀರಿಕೊಂಡು, ಹಿಮ ಬೀಳುವ ಬೆಟ್ಟಗಳ ತಪ್ಪಲಿನ ಕೂಮಾದಲ್ಲಿದ್ದ ಅವರ ಶೆಡ್ ಖಾಲಿ ಮಾಡುವಾಗ ಸಿಕ್ಕಿದ್ದನ್ನು ಟ್ರೇಲರಿಗೆ ಹಾಕಿಕೊಂಡು ಬಂದಿದ್ದ.

"ಬಾವ ಊರಲ್ಲಿ ಸ್ಕೂಟರ್ ರಿಪೇರಿ ಮಾಡ್ತಿದ್ದರಲ್ಲ," ಎಂದ ಅಡುಗೆಮನೆಯಲ್ಲಿ, ಮೆಲ್ಲಗೆ. "ನೋಡಿದ ಕೂಡಲೇ ಕೈ ತುರಿಸ್ತದೆ ಅಂತ ಅಂದ್ಕೊಂಡಿದ್ದೆ."

ಕೈ ತುರಿಸಲಿಲ್ಲ. ಲಿಯೋನ್ ಮರುದಿನ ಹಿಂದಿರುಗಿದ. ಗಾಡಿ ಗ್ಯಾರೇಜಿನ ನಟ್ಟನಡುವೆ ಕುಳಿತಿತು, ಅವರ ಕಾರು ಬಿಸಿಲಿಗೆ ಬಂತು. ಈಸ್ಟರ್ ಹಬ್ಬ ಕಳೆದರೂ ಕಮಿಲ್ಲಸ್ ಗ್ಯಾರೇಜಿನ ಬಾಗಿಲು ಎತ್ತಲಿಲ್ಲ.

ಕೊನೆಗೆ ಆಲಿಸ್‌ಗೇ ರೋಸಿಹೋಯಿತು. ಬಿಡಿಬಿಡಿಯಾಗಿ ಬಿಚ್ಚಿ ಗುಜರಿಗೆ ಹಾಕಿಬಿಡುವುದೆಂದು ರಜೆಯ ದಿನ ಒಂದು ಸ್ಪ್ಯಾನರ್ ಹಿಡಿದು ಕುಳಿತಳು. ಸ್ಕೀ ಹಿಡಿದಿಟ್ಟ ಬೋಲ್ಟು ಜಪ್ಪಯ್ಯ ಅನ್ನಲಿಲ್ಲ. ಅವಳು ಸ್ಪ್ಯಾನರಿನ ಮೇಲೆ ಕಾಲಿಟ್ಟು ತುಳಿದಳು. ಸ್ಪ್ಯಾನರ್ ಜಾರಿ ಕಾಂಕ್ರೀಟಿನ ಮೇಲೆ ಠಣ್ ಎಂದು ಬಿತ್ತು. ಸದ್ದು ಕೇಳಿ ಕಮಿಲ್ಲಸ್ ಬಾಗಿಲಲ್ಲಿ ಕಾಣಿಸಿಕೊಂಡ.

"ಹಾಗೆ ತುಳಿದರೆ ಬೋಲ್ಟಿನ ತಲೆ ತುಂಡಾಗ್ತದೆ. ಎಣ್ಣೆ ಬಿಡು. ನಾಳೆವರೆಗೆ ಮುಟ್ಟಬೇಡ."

ಅಷ್ಟು ಹೇಳಿ ಅವನು ಹೋದ. ಆಲಿಸ್ ಎಣ್ಣೆ ಬಿಟ್ಟಳು. ಮರುದಿನ ಕೆಲಸದಿಂದ ಬಂದು, ಬ್ಯಾಗನ್ನೂ ಇಳಿಸದೆ ಸ್ಪ್ಯಾನರ್ ಹಾಕಿ ಒತ್ತಿದಳು. ಬೋಲ್ಟು ಕಿರ್ರೆಂದು ಒಂದು ಸಲ ನರಳಿ, ಆಮೇಲೆ ಬೆಣ್ಣೆಯ ಹಾಗೆ ತಿರುಗಿತು. ಅವಳ ಎದೆಯೊಳಗೆ ಏನೋ ಸಣ್ಣ ಖುಷಿ ಆಯಿತು. ಆ ಖುಷಿಗೆ ಇನ್ನೊಂದು ಬೋಲ್ಟು ಬಿಚ್ಚಿದಳು. ಕತ್ತಲಾಗುವ ಹೊತ್ತಿಗೆ ಎರಡೂ ಸ್ಕೀಗಳು ಕೆಳಗಿದ್ದವು. ಗುಜರಿಯ ನೆನಪು ಅವಳಿಗೆ ಆ ದಿನವೂ ಬರಲಿಲ್ಲ, ಮುಂದೆಯೂ ಬರಲಿಲ್ಲ.

ಆಮೇಲೆ ಅವಳು ಕೇಳುವುದು, ಅವನು ಹೇಳುವುದು ಶುರುವಾಯಿತು. ಊಟಕ್ಕೆ ಕುಳಿತಾಗ, "ತುಕ್ಕು ತೆಗೀಲಿಕ್ಕೆ ಎಂತ ಹಾಕುದು?" ಎಂದಳು ಒಮ್ಮೆ. ಕಮಿಲ್ಲಸ್ ಅನ್ನ ಕಲಸುತ್ತ, "ಕಾಕಂಬಿ," ಎಂದ. ಅವಳು ತಮಾಷೆ ಅಂದುಕೊಂಡಳು. ತಮಾಷೆಯಲ್ಲ. ಕುದುರೆಗಳ ಮೇವು ಮಾರುವ ಅಂಗಡಿಯಿಂದ ಒಂದು ಡಬ್ಬಿ ತಂದು, ದೊಡ್ಡ ಪ್ಲಾಸ್ಟಿಕ್ ಟಬ್ಬಿನಲ್ಲಿ ನೀರು ಬೆರೆಸಿ, ಬಿಚ್ಚಿದ್ದನ್ನೆಲ್ಲ ಅದರಲ್ಲಿ ಮುಳುಗಿಸಿ ಎರಡು ವಾರ ಬಿಟ್ಟಳು. ಗ್ಯಾರೇಜಿಗೆ ಕಾಲಿಟ್ಟರೆ ಬೆಲ್ಲದ ಪರಿಮಳ. "ಅರಿಶಿನ ಎಲೆಯಲ್ಲಿ ಸಿಹಿ ಪತ್ತೋಳಿ ಬೇಯಿಸಿದ ಹಾಗೆ ಉಂಟು," ಎಂದಳು ಆಲಿಸ್. ಎರಡನೆಯ ವಾರಕ್ಕೆ ಅದು ಹುಳಿ ಬಂದು ಪತ್ತೋಳಿಯನ್ನು ಯಾರೂ ನೆನೆಯದಂಥ ನಾತವಾಯಿತು. ಆದರೆ ಟಬ್ಬಿನಿಂದ ಎತ್ತಿ ಬ್ರಷ್ಷಿನಿಂದ ಉಜ್ಜಿದಾಗ ಕೆಂಪು ಪೂರಾ ಬಿಟ್ಟುಹೋಗಿ, ಒಳಗಿನಿಂದ ಬೂದು ಬಣ್ಣದ ಕಬ್ಬಿಣ ಹೊಸದರಂತೆ ಹೊರಗೆ ಬಂತು. ಅಷ್ಟು ಹೊತ್ತಿಗೆ ಕಮಿಲ್ಲಸ್ ಒಂದು ಮಡಚುವ ಕುರ್ಚಿ ತಂದು ಗ್ಯಾರೇಜಿನ ಬಾಗಿಲಲ್ಲಿ ಹಾಕಿಕೊಂಡಿದ್ದ. ಬಾಗಿಲು ದಾಟಿ ಒಳಗೆ ಬರುತ್ತಿರಲಿಲ್ಲ. ಅಲ್ಲಿಂದಲೇ, "ಎಡಕ್ಕೆ ಅಲ್ಲ, ಬಲಕ್ಕೆ," ಎನ್ನುತ್ತಿದ್ದ.

ಜೂನ್ ತಿಂಗಳ ಒಂದು ಸಂಜೆ ಆಲಿಸ್ ಕೆಲಸದಿಂದ ಬಂದು ನೋಡಿದರೆ ಎಂಜಿನ್ ಗಾಡಿಯಿಂದ ಕೆಳಗಿಳಿದಿತ್ತು. ಕಾರ್ಬ್ಯುರೇಟರ್ ಬಿಚ್ಚಿ, ತೊಳೆದು, ಮತ್ತೆ ಜೋಡಿಸಿ ಮುಗಿದು, ಹೊಳೆಯುತ್ತ ಬೆಂಚಿನ ಮೇಲೆ ಕುಳಿತಿತ್ತು. ಕಮಿಲ್ಲಸ್ ಕೈ ಒರೆಸಿಕೊಳ್ಳುತ್ತಿದ್ದ. ನಾಲ್ಕು ತಿಂಗಳ ಹಿಂದೆ ಅವಳು ಹಂಬಲಿಸಿದ್ದು ಇದೇ ನೋಟವನ್ನು. ಈಗ ನೋಡಿದ ಕೂಡಲೇ ಅವಳಿಗೆ ಬಂದದ್ದು ಸಿಟ್ಟು.

"ನನ್ನ ಕೆಲಸಕ್ಕೆ ಯಾಕೆ ಕೈ ಹಾಕಿದ್ದು ನೀವು?"

"ನಿನ್ನ ಕೆಲಸವಾ?" ಕಮಿಲ್ಲಸ್ ಬಟ್ಟೆಯನ್ನು ಬೆಂಚಿನ ಮೇಲೆ ಎಸೆದ. "ನಿನ್ನ ತಮ್ಮ ಇದನ್ನು ತಂದದ್ದು ನನಗೆ ಅಲ್ವಾ?"

ಆಲಿಸ್ ಬ್ಯಾಗನ್ನು ನೆಲಕ್ಕಿಳಿಸಿದಳು. ಅವನು ಮುಂದುವರಿಸಿದ.

"ನನಗೆ ಗೊತ್ತಿರಲಿಲ್ಲ ಅಂತ ಮಾಡಿದ್ದಾ? ಫ್ಲಾಟಿನಲ್ಲಿ ಜಾಗ ಇಲ್ಲ ಅಂತ ಯಾರಾದರೂ ಸಿಡ್ನಿಯಿಂದ ಇಲ್ಲಿವರೆಗೆ ಗುಜರಿ ಹೊತ್ಕೊಂಡು ಬರ್ತಾರಾ? ಅಳುವ ಮಕ್ಕಳಿಗೆ ಆಟದ ಸಾಮಾನು ಕೊಟ್ಟು ಕೂರಿಸುದು ಉಂಟಲ್ಲ, ಹಾಗೆ ಮಾಡಿದ್ರಿ ನೀವಿಬ್ಬರು. ಅದಕ್ಕೇ ನಾನು ಮುಟ್ಟಲಿಲ್ಲ."

ಅವನು ಒಂದೇ ಉಸಿರಿಗೆ ಇಷ್ಟು ಮಾತಾಡಿ ಒಂದು ವರ್ಷವಾಗಿತ್ತು. ಆಲಿಸ್ ಮಡಚುವ ಕುರ್ಚಿಯ ಮೇಲೆ ಕುಳಿತಳು. ಸುಳ್ಳು ಹೇಳಿ ದಾಟಿಸಬಹುದಿತ್ತು, ಆದರೆ ಹಾಗೆ ಮಾಡಬೇಕೆನ್ನಿಸಲಿಲ್ಲ.

"ಹೌದು. ನಾನೇ ಅವನಿಗೆ ಫೋನ್ ಮಾಡಿದ್ದು. ಅತ್ತಿದ್ದು ನಾನು, ನೀವಲ್ಲ. ಮನೆಗೆ ಬಂದರೆ ನಿಮ್ಮ ಬೆನ್ನು ಮಾತ್ರ ಕಾಣುದು ನನಗೆ. ನಾನು ಎಂತ ಮಾಡಬೇಕಿತ್ತು, ಹೇಳಿ."

ಹೊರಗೆ ಪಕ್ಕದ ಮನೆಯವರು ಕಸದ ತೊಟ್ಟಿಯನ್ನು ರಸ್ತೆಗೆ ಎಳೆದುಕೊಂಡು ಹೋದ ಸದ್ದು ಕೇಳಿಸಿತು. ಕಮಿಲ್ಲಸ್ ಬೆಂಚಿನ ಮೇಲೆ ಒಂದು ಹಳೆಯ ಪೇಪರ್ ಹಾಸಿದ. ಹೊಳೆಯುತ್ತಿದ್ದ ಕಾರ್ಬ್ಯುರೇಟರನ್ನು ಕೈಗೆತ್ತಿಕೊಂಡು, ಇಡೀ ಮಧ್ಯಾಹ್ನ ಕುಳಿತು ಜೋಡಿಸಿದ್ದನ್ನು ಒಂದೊಂದಾಗಿ ಬಿಚ್ಚಿದ. ಸ್ಕ್ರೂ, ಸ್ಪ್ರಿಂಗು, ಕಾಳಿನಷ್ಟು ಚಿಕ್ಕ ಹಿತ್ತಾಳೆಯ ತುಂಡುಗಳು. ಎಲ್ಲವನ್ನೂ ಸಾಲಾಗಿ ಪೇಪರಿನ ಮೇಲೆ ಇಟ್ಟ.

"ಬಾ. ನೀನು ಜೋಡಿಸು."

"ನನಗೆ ಬರುದಿಲ್ಲ."

"ನಾನು ಇದ್ದೇನಲ್ಲ."

ಅವಳು ಎದ್ದು ಅವನ ಪಕ್ಕ ನಿಂತಳು. ಆ ಸಂಜೆ ಅವರು ಊಟ ಮಾಡಿದ್ದು ತಡವಾಗಿ, ಬ್ರೆಡ್ಡು ಮತ್ತು ಮೊಟ್ಟೆ. ಕುರ್ಚಿ ಬಾಗಿಲಿನಿಂದ ಒಳಗೆ ಬಂತು, ಆಮೇಲೆ ಅದರಲ್ಲಿ ಕೂರಲು ಯಾರಿಗೂ ಪುರುಸೊತ್ತು ಇರಲಿಲ್ಲ.

ಎಲ್ಲ ಸರಿಹೋದರೂ ಹಿಂದಿನ ರಬ್ಬರ್ ಪಟ್ಟಿ ಮಾತ್ರ ಸೀಳಿತ್ತು. ಅದನ್ನು ಹೊಲಿಯುವಂತಿಲ್ಲ, ಅಂಗಡಿಯಲ್ಲಿ ಸಿಗುವಂತಿಲ್ಲ. ಲಿಯೋನ್ ತನ್ನ ಸಹೋದ್ಯೋಗಿಯನ್ನು ಕಾಡಿ ಕಾಡಿ, ಅವನ ತಂದೆಯ ಸಾಮಾನುಗಳಲ್ಲಿ ಅಂಥದೇ ಇನ್ನೊಂದು ಪಟ್ಟಿ ಇರುವುದನ್ನು ಪತ್ತೆಮಾಡಿದ. ಆಗಸ್ಟಿನಲ್ಲಿ ಗಂಡ ಹೆಂಡತಿ ಇಬ್ಬರೂ ಕಾರಿನಲ್ಲಿ ಸಿಡ್ನಿಗೆ ಹೊರಟರು. ದಾರಿಯುದ್ದಕ್ಕೂ ಒಣಗಿದ ಗದ್ದೆ, ಕುರಿಗಳು. ಕಮಿಲ್ಲಸ್ ಡ್ರೈವ್ ಮಾಡುತ್ತ ಮಂಗಳೂರಿನ ಕಂಕನಾಡಿಯಲ್ಲಿ ತಾನು ದುಡಿದ ವರ್ಕ್‌ಶಾಪಿನ ಸುದ್ದಿ ಹೇಳಿದ, ಪೆಟ್ರೋಲಿಗೆ ಆಯಿಲ್ ಬೆರೆಸುವುದು ಮರೆತು ಪಾದ್ರಿಗಳ ಸ್ಕೂಟರಿನ ಎಂಜಿನ್ ಸುಟ್ಟು ಬೈಸಿಕೊಂಡದ್ದನ್ನು. ಇಪ್ಪತ್ತು ವರ್ಷ ಜೊತೆಗಿದ್ದರೂ ಆಲಿಸ್ ಅದನ್ನು ಕೇಳಿರಲಿಲ್ಲ.

ವೆಸ್ಟ್‌ಮೀಡ್ ಸ್ಟೇಷನ್ ಹತ್ತಿರ ಲಿಯೋನ್‌ನ ಫ್ಲಾಟು. ನಿಜಕ್ಕೂ ಸೈಕಲ್ ಇಡಲು ಜಾಗವಿರಲಿಲ್ಲ. ಅವನು ಇವರಿಗಾಗಿ ತೆಂಗಿನಕಾಯಿ ಅರೆದು ಮೀನಿನ ಗಸಿ ಮಾಡಿದ್ದ, ಹುಳಿ ಸ್ವಲ್ಪ ಹೆಚ್ಚಾಗಿತ್ತು. ಕೆಳಗಿನ ಮನೆಯ ಶ್ರೀಕಂಠಯ್ಯನವರು ಊರಿನವರು ಬಂದಿದ್ದಾರೆಂದು ಮಾತಾಡಿಸಲು ಮೇಲೆ ಬಂದರು. ಮೈಸೂರಿನ ನಿವೃತ್ತ ಡಾಕ್ಟರು, ಮಗಳ ಜೊತೆಗಿದ್ದರು. ಕುಳಿತು ಕಾಫಿ ಕುಡಿಯುತ್ತ, ಎಲ್ಲರೂ ಕೇಳುವುದನ್ನೇ ಕೇಳಿದರು.

"ತಾವು ಮೆಲ್ಬರ್ನ್‌ನಲ್ಲಿ ಏನ್ ಮಾಡ್ಕೊಂಡಿದೀರಿ?"

ಆಲಿಸ್ ಕಪ್ಪನ್ನು ಕೆಳಗಿಟ್ಟಳು. ಲಿಯೋನ್ ಗಡಿಬಿಡಿಯಿಂದ ಬಿಸ್ಕತ್ತಿನ ತಟ್ಟೆ ಮುಂದೆ ಮಾಡಿದ. ಕಮಿಲ್ಲಸ್ ಮಾತ್ರ ಆರಾಮವಾಗಿ ಒಂದು ಬಿಸ್ಕತ್ತು ತೆಗೆದುಕೊಂಡ.

"ಕಾರ್ಖಾನೆ ಮುಚ್ಚಿತು ಸರ್, ಕೆಲಸ ಹೋಯ್ತು. ಈಗ ಇವಳ ಕೈಕೆಳಗೆ ಮೆಕ್ಯಾನಿಕ್ ಆಗಿದ್ದೇನೆ."

"ಓಹೋ! ಸಂಬಳ ಹೇಗೆ?"

"ಬೈಗುಳ ಉಂಟು. ಸಂಬಳ ಇನ್ನೂ ಮಾತಾಡಲಿಲ್ಲ."

ಶ್ರೀಕಂಠಯ್ಯನವರು ಕಾಫಿ ಚೆಲ್ಲುವಷ್ಟು ನಕ್ಕರು. ಆಲಿಸ್ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಸುಮ್ಮನೆ ನಿಂತಳು. ಅವಳಿಗೆ ಅಳು ಬಂದಿತ್ತು, ಆದರೆ ಹಿಂದಿನ ಅಳುವಿನಂಥದಲ್ಲ.

ಸೆಪ್ಟೆಂಬರಿನಲ್ಲಿ ಗಾಡಿ ಸಿದ್ಧವಾಯಿತು. ಸೀಟಿಗೆ ಆಲಿಸ್ ಕಪ್ಪು ರೆಕ್ಸಿನ್ ಹೊಲಿದಿದ್ದಳು, ಬಾನೆಟ್ಟಿಗೆ ಹಳದಿ ಬಣ್ಣ ಬಳಿದಿದ್ದಳು. ಎಂಜಿನ್ ಶುರು ಮಾಡಲು ಒಂದು ಹಗ್ಗ ಎಳೆಯಬೇಕು. ಕಮಿಲ್ಲಸ್ ಎಳೆದ, ಕೆಮ್ಮಿತು. ಲಿಯೋನ್ ಅದಕ್ಕೆಂದೇ ವಿಮಾನದಲ್ಲಿ ಬಂದಿದ್ದ. ಅವನೂ ಎಳೆದ, ಕೆಮ್ಮಲೂ ಇಲ್ಲ. ಆಲಿಸ್ ಕಾಲು ಊರಿ, ಹಲ್ಲು ಕಚ್ಚಿ ಎಳೆದಾಗ ಅದು ಬಡಬಡನೆ ಹೊಡೆದುಕೊಂಡು, ನೀಲಿ ಹೊಗೆಯಲ್ಲಿ ಮೂವರನ್ನೂ ಮುಳುಗಿಸಿ, ನಿಲ್ಲದೆ ಓಡಿತು. ಪಕ್ಕದ ಮನೆಯ ನಾಯಿ ಹುಚ್ಚೆದ್ದು ಬೊಗಳಿತು.

ಆದರೆ ಓಡಿಸುವುದೆಲ್ಲಿ? ಚಳಿಗಾಲ ಮುಗಿಯುತ್ತಿದ್ದರೂ ದೂರದ ಬೆಟ್ಟಗಳ ಮೇಲೆ ಹಿಮವಿತ್ತು, ಆದರೆ ಅಲ್ಲಿ ಖಾಸಗಿಯವರು ಇಂಥ ಗಾಡಿ ಓಡಿಸುವಂತಿಲ್ಲವೆಂದು ಲಿಯೋನ್ ವಿಚಾರಿಸಿಕೊಂಡು ಬಂದಿದ್ದ. ಒದ್ದೆ ಹುಲ್ಲಿನ ಮೇಲಾದರೂ ಜಾರುತ್ತದೆ ಎಂದ ಕಮಿಲ್ಲಸ್. ಆ ವರ್ಷ ಮೆಲ್ಬರ್ನಿನಲ್ಲಿ ನೀರಿನ ಬರ. ಮನೆಯ ಹುಲ್ಲಿಗೆ ಪೈಪು ಹಿಡಿದರೆ ದಂಡ. ಆಲಿಸ್‌ಗೆ ಡೊಮೆನಿಕೊನ ನೆನಪಾಯಿತು. ಊರಾಚೆ ಸಮುದ್ರದ ಕಡೆ ಹೂಕೋಸು ಬೆಳೆಯುವ ಇಟಲಿಯ ಮುದುಕ, ಅವಳು ಪ್ರತಿ ವಾರ ತರಕಾರಿ ಕೊಳ್ಳುವುದು ಅವನಲ್ಲಿ. ಅವನ ಹೊಲಕ್ಕೆ ಶುದ್ಧಮಾಡಿದ ಕೊಳಚೆ ನೀರು ಬರುತ್ತಿತ್ತು, ಅದಕ್ಕೆ ನಿರ್ಬಂಧವಿಲ್ಲ. ಕೇಳಿದಾಗ ಅವನು ಕೈ ಎರಡೂ ಮೇಲೆತ್ತಿ ನಕ್ಕು, ಕೊಯ್ಲು ಮುಗಿದ ಒಂದು ಪಟ್ಟೆ ತೋರಿಸಿದ. ಗಾಡಿಯನ್ನು ಅಲ್ಲಿಗೆ ಸಾಗಿಸಿ, ನೆಲಕ್ಕೆ ನೀರು ಹಾಯಿಸಿದರು.

"ಮೊದಲು ನೀವು," ಎಂದಳು ಆಲಿಸ್.

"ಹಗ್ಗ ಎಳೆದದ್ದು ಯಾರು? ಹತ್ತು," ಎಂದ ಕಮಿಲ್ಲಸ್.

ಅವಳು ಊರಲ್ಲಿ ಸೀರೆ ಉಡುತ್ತಿದ್ದ ಕಾಲದಿಂದಲೂ ಸ್ಕೂಟರಿನಂಥ ಯಾವ ಗಾಡಿಯಲ್ಲೂ ಹಿಂದೆ ಕುಳಿತವಳೇ. ಹ್ಯಾಂಡಲ್ ಹಿಡಿದು ಆಕ್ಸಿಲರೇಟರ್ ಒತ್ತಿದಳು. ಗಾಡಿ ಒಮ್ಮೆ ನಡುಗಿ, ಕೋಸಿನ ಎಲೆಗಳನ್ನು ಹಿಂದಕ್ಕೆ ಚಿಮ್ಮಿಸುತ್ತ ಮುಂದೆ ನುಗ್ಗಿತು. ಗಾಳಿ ಮುಖಕ್ಕೆ ಬಡಿಯಿತು. ಅವಳು ಕಿರುಚಿದಳು, ಆಮೇಲೆ ಕಿರುಚುವುದು ನಗೆಯಾಯಿತು. ಪಟ್ಟೆಯ ಕೊನೆಯಲ್ಲಿ ತಿರುಗಿಸಲು ಹೋಗಿ ಸ್ಕೀ ಕೆಸರಿನಲ್ಲಿ ಹೂತು, ಎಂಜಿನ್ ನಿಂತಿತು. ಓಡಿ ಬಂದ ಲಿಯೋನ್‌ನ ಒಂದು ಬೂಟು ಕೆಸರಿನಲ್ಲೇ ಉಳಿಯಿತು.

ಡೊಮೆನಿಕೊ ನಿಧಾನವಾಗಿ ನಡೆದು ಬಂದು ಎಂಜಿನ್ ನೋಡಿದ. ಇದನ್ನು ರಿಪೇರಿ ಮಾಡಿದ್ದು ಯಾರೆಂದು ಕೇಳಿದ. ಕಮಿಲ್ಲಸ್ ಹೆಂಡತಿಯ ಕಡೆ ಬೆರಳು ತೋರಿಸಿದ, ಆಲಿಸ್ ಗಂಡನ ಕಡೆ. ಮುದುಕ ತಲೆಯಾಡಿಸಿ, ತನ್ನ ಡೀಸೆಲ್ ಪಂಪೊಂದು ವಾರದಿಂದ ಮುಷ್ಕರ ಹೂಡಿದೆ, ಒಮ್ಮೆ ನೋಡಬಹುದೇ ಎಂದ. ಕಮಿಲ್ಲಸ್ ಅವನ ಜೊತೆ ಹೋದ. ಆ ಪಂಪು ಆಯಿತು, ಮರುವಾರ ಟ್ರ್ಯಾಕ್ಟರ್ ಆಯಿತು, ಆಮೇಲೆ ಪಕ್ಕದ ಹೊಲದವರೂ ಕರೆದರು. ಕ್ರಿಸ್‌ಮಸ್ ಹೊತ್ತಿಗೆ ಅವನು ವಾರದಲ್ಲಿ ನಾಲ್ಕು ದಿನ ಆ ಹೊಲಗಳಲ್ಲೇ ಇರುತ್ತಿದ್ದ.

ಆದರೆ ಅದೆಲ್ಲ ಆಮೇಲಿನ ಮಾತು. ಆ ಮಧ್ಯಾಹ್ನ ಕಮಿಲ್ಲಸ್ ಮತ್ತು ಡೊಮೆನಿಕೊ ಹೂಕೋಸಿನ ಸಾಲುಗಳ ನಡುವೆ, ಅರೆಬರೆ ಇಂಗ್ಲಿಷಿನಲ್ಲಿ ಕೈಬಾಯಿ ಆಡಿಸುತ್ತ ಪಂಪಿನ ಮನೆಯ ಕಡೆ ನಡೆದುಹೋದರು. ಲಿಯೋನ್ ಒಂಟಿ ಕಾಲಲ್ಲಿ ಕುಂಟುತ್ತ ಬೂಟು ಹುಡುಕುತ್ತಿದ್ದ. ಆಲಿಸ್ ಗಾಡಿಯಿಂದ ಇಳಿದು, ಕಾಲುವೆಯಿಂದ ಬಕೆಟ್ಟಿನಲ್ಲಿ ನೀರು ತಂದು, ಸ್ಕೀಗೆ ಮೆತ್ತಿದ ಕೆಸರನ್ನು ತೊಳೆಯತೊಡಗಿದಳು.